ಅಪರೂಪದ ಪ್ರೊಸೆಸರ್‌ಗಳಿಗೆ ಲಿನಕ್ಸ್ ಒಗ್ಗಿದ ಬಗೆ



ಮಾಕಳಿಯ ಪಕ್ಕದಲ್ಲೇ ಹಾದುಹೋಗುವ ತುಮಕೂರು ರಸ್ತೆಯನ್ನು ದಿನವೂ ನೋಡುವವರಿಗೆ ಲಾರಿಗಳ ವಿಚಾರ ಬಿಡಿಸಿ ಹೇಳಬೇಕಾಗಿಲ್ಲ. ಚಾಸಿ ಒಂದು ಕಂಪನಿಯದು, ಅದರ ಮೇಲೆ ಬಾಡಿ ಕಟ್ಟಿದವರು ಇನ್ನೊಬ್ಬರು. ಟಾಟಾ ಚಾಸಿಗೆಂದು ಕಟ್ಟಿದ ಬಾಡಿಯನ್ನು ಹಾಗೇ ಎತ್ತಿ ಲೇಲ್ಯಾಂಡ್ ಚಾಸಿಯ ಮೇಲೆ ಇಟ್ಟರೆ ಅದು ಕೂರುವುದಿಲ್ಲ. ಬೋಲ್ಟಿನ ತೂತುಗಳು ತಾಳೆಯಾಗುವುದಿಲ್ಲ. ಮೇಸ್ತ್ರಿ ಹೊಸದಾಗಿ ಅಳತೆ ತೆಗೆದು, ಚಾಸಿಗೆ ತಾಗುವ ಅಡಿಭಾಗವನ್ನಷ್ಟೇ ಬೇರೆ ಮಾಡಿ, ಮೇಲಿನ ಹಲಗೆಗಳನ್ನು ಇದ್ದಂತೆಯೇ ಉಳಿಸಿಕೊಳ್ಳುತ್ತಾನೆ.

ಗಣಕ ಲೋಕದಲ್ಲಿ ಇಂಥ ಕೆಲಸಕ್ಕೆ ಪೋರ್ಟ್ ಮಾಡುವುದು ಎಂದು ಹೆಸರು. ಸಸಿಯನ್ನು ಬೇರೆ ಮಣ್ಣಿಗೆ ಒಗ್ಗಿಸುವುದು ಎನ್ನುತ್ತಾರಲ್ಲ, ಆ ಮಾತೇ ಇದಕ್ಕೂ ಒಪ್ಪುತ್ತದೆ. ಇಲ್ಲಿ ಚಾಸಿ ಎಂದರೆ ಪ್ರೊಸೆಸರ್, ಅಂದರೆ ಲೆಕ್ಕ ಮಾಡುವ ಚಿಪ್. ಬಾಡಿ ಎಂದರೆ ಆಪರೇಟಿಂಗ್ ಸಿಸ್ಟಂ, ಅಂದರೆ ಗಣಕದ ಎಲ್ಲ ಭಾಗಗಳನ್ನೂ ದುಡಿಸುವ ಮೂಲ ತಂತ್ರಾಂಶ. ಮನೆಯ ಮೇಜಿನ ಮೇಲಿರುವ ಗಣಕದಲ್ಲಿ ಸಾಮಾನ್ಯವಾಗಿ ಇಂಟೆಲ್ ಅಥವಾ ಎಎಂಡಿ ಚಿಪ್ ಇರುತ್ತದೆ. ಆದರೆ ದೊಡ್ಡ ಸಂಸ್ಥೆಗಳ ಸರ್ವರ್‌ಗಳಲ್ಲಿ ಐಬಿಎಂನ ಪವರ್, ಡೆಕ್ ಕಂಪನಿಯ ಆಲ್ಫಾ, ಸನ್ ಕಂಪನಿಯ ಸ್ಪಾರ್ಕ್, ಇಂಟೆಲ್ ಮತ್ತು ಎಚ್‌ಪಿ ಕೂಡಿ ಮಾಡಿದ ಇಟಾನಿಯಂ ಮೊದಲಾದ ಬೇರೆ ಜಾತಿಯ ಚಿಪ್‌ಗಳೂ ದುಡಿದಿವೆ. ಇವುಗಳಲ್ಲಿ ಒಂದರ ಭಾಷೆ ಇನ್ನೊಂದಕ್ಕೆ ಅರ್ಥವಾಗದು.

ಯಾವ ಚಿಪ್ ಆದರೇನು, ಕಂಪನಿಯವರೇ ತಂತ್ರಾಂಶವನ್ನೂ ಕೊಡುತ್ತಾರಲ್ಲ ಎಂದು ಕೇಳಬಹುದು. ಕೊಡುತ್ತಾರೆ, ಇರುವಷ್ಟು ದಿನ. ವಿದೇಶಿ ಬಂಡವಾಳದ ಪಾಲನ್ನು ತಗ್ಗಿಸಬೇಕೆಂಬ ಸರ್ಕಾರದ ಷರತ್ತಿಗೆ ಒಪ್ಪದೆ ಐಬಿಎಂ 1978ರಲ್ಲಿ ಭಾರತವನ್ನು ಬಿಟ್ಟುಹೋಯಿತು. ಯಂತ್ರಗಳು ಮಾತ್ರ ಇಲ್ಲೇ ಉಳಿದವು. ಅವುಗಳನ್ನು ನೋಡಿಕೊಳ್ಳುವ ಹೊಣೆ ಸರ್ಕಾರಿ ಒಡೆತನದ ಕಂಪ್ಯೂಟರ್ ಮೇಂಟೆನೆನ್ಸ್ ಕಾರ್ಪೊರೇಷನ್ನಿನ ಹೆಗಲಿಗೆ ಬಿತ್ತು. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆಂದು ಕೇಳಿದ ಕ್ರೇ ಸೂಪರ್ ಕಂಪ್ಯೂಟರನ್ನು ಅಮೆರಿಕ ಕೊಡಲಿಲ್ಲ. ಹವಾಮಾನ ಮುನ್ಸೂಚನೆಗೆಂದು ಅದಕ್ಕಿಂತ ಕಡಿಮೆ ಶಕ್ತಿಯ ಮಾದರಿಯೊಂದನ್ನು ದಿಲ್ಲಿಗೆ ಕೊಟ್ಟಿತು. ಬೆಂಗಳೂರಿನ ನ್ಯಾಷನಲ್ ಏರೋನಾಟಿಕಲ್ ಲ್ಯಾಬೊರೇಟರಿ 1986ರಲ್ಲಿ ಫ್ಲೋಸಾಲ್ವರ್ ಎಂಬ ಸಮಾಂತರ ಗಣಕವನ್ನು ಕಟ್ಟಿಕೊಂಡದ್ದೂ, ಪುಣೆಯಲ್ಲಿ 1988ರಲ್ಲಿ ಸಿಡಾಕ್ ಹುಟ್ಟಿದ್ದೂ ಆ ಕಾಲದಲ್ಲೇ. ಚಿಪ್ಪನ್ನು ಹೇಗೋ ಹೊಂದಿಸಿಕೊಳ್ಳಬಹುದು. ಅದರ ಮೇಲೆ ಓಡುವ ತಂತ್ರಾಂಶ ಇನ್ನೊಬ್ಬರ ಬೀರುವಿನೊಳಗಿದ್ದರೆ ಗತಿಯೇನು ಎಂಬ ಪ್ರಶ್ನೆ ಬೇರೆಯೇ ಉಳಿಯುತ್ತದೆ.

ಒಂದು ಆಪರೇಟಿಂಗ್ ಸಿಸ್ಟಂ ಹಲವು ಯಂತ್ರಗಳಲ್ಲಿ ಓಡಬಹುದು ಎಂಬುದೇ ಒಂದು ಕಾಲಕ್ಕೆ ಹೊಸ ವಿಚಾರವಾಗಿತ್ತು. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ 1969ರಲ್ಲಿ ಹುಟ್ಟಿದ ಯುನಿಕ್ಸ್ ಅನ್ನು 1973ರಲ್ಲಿ ಸಿ ಎಂಬ ಭಾಷೆಯಲ್ಲಿ ಮತ್ತೆ ಬರೆದರು. ಸಿ ಯಾವ ಚಿಪ್ಪಿನ ತಾಯ್ನುಡಿಯೂ ಅಲ್ಲ, ಆದ್ದರಿಂದ ಯಾವುದಕ್ಕೆ ಬೇಕಾದರೂ ಅನುವಾದಿಸಬಹುದು. 1977ರ ಸುಮಾರಿಗೆ ಆಸ್ಟ್ರೇಲಿಯಾದ ವೊಲಾಂಗಾಂಗ್ ವಿಶ್ವವಿದ್ಯಾಲಯದವರೂ ಬೆಲ್ ಲ್ಯಾಬ್ಸ್‌ನವರೂ ಪ್ರತ್ಯೇಕವಾಗಿಯೇ ಯುನಿಕ್ಸನ್ನು ಇಂಟರ್‌ಡೇಟಾ ಎಂಬ ಕಂಪನಿಯ ಯಂತ್ರಗಳಿಗೆ ಒಗ್ಗಿಸಿದರು.

ಆ ದಿನಗಳದ್ದೇ ಒಂದು ತಮಾಷೆಯ ಪ್ರಸಂಗ ಇಂದಿಗೂ ಎಂಜಿನಿಯರುಗಳ ಬಾಯಲ್ಲಿದೆ. ಹೊಸ ಯಂತ್ರವನ್ನು ಚಾಲೂ ಮಾಡಿದಾಗ ಪರದೆಯ ಮೇಲೆ ಯುನಿಕ್ಸ್ ಎಂದು ಬರಬೇಕಾದ ನಾಲ್ಕು ಇಂಗ್ಲಿಷ್ ಅಕ್ಷರಗಳು ಎರಡೆರಡರ ಜೋಡಿಯಲ್ಲಿ ತಿರುವುಮುರುವಾಗಿ ನುಕ್ಸಿ ಎಂದು ಬಂದವಂತೆ. ಯಲಹಂಕ ಎಂದು ಬೋರ್ಡು ಬರೆಯಲು ಹೇಳಿದರೆ ಲಯಕಹಂ ಎಂದು ಬರೆದಂತೆ! ಕಾರಣ ಸರಳ. ಕನ್ನಡದಲ್ಲಿ ಮೂವತ್ತೈದು ಎನ್ನುವಾಗ ಮೊದಲು ಮೂವತ್ತು, ಆಮೇಲೆ ಐದು. ಸಂಸ್ಕೃತದಲ್ಲಿ ಪಂಚತ್ರಿಂಶತ್ ಎನ್ನುವಾಗ ಐದೇ ಮೊದಲು. ಪ್ರೊಸೆಸರ್‌ಗಳಲ್ಲೂ ಈ ಎರಡು ಪಂಗಡಗಳಿವೆ. ದೊಡ್ಡ ಸ್ಥಾನದ ಬೈಟನ್ನು ಮೊದಲು ಇಡುವವು ಕೆಲವು, ಚಿಕ್ಕ ಸ್ಥಾನದ್ದನ್ನು ಮೊದಲು ಇಡುವವು ಕೆಲವು. ಒಂದು ಪಂಗಡದ ಯಂತ್ರದಲ್ಲಿ ಬರೆದಿಟ್ಟದ್ದನ್ನು ಇನ್ನೊಂದು ಪಂಗಡದ ಯಂತ್ರ ಓದಿದರೆ ಯಲಹಂಕಕ್ಕೆ ಹೋಗುವವರು ದಾರಿ ತಪ್ಪುತ್ತಾರೆ.

ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರ ಆಗಸ್ಟ್‌ನಲ್ಲಿ ಲಿನಕ್ಸ್ ಬಗ್ಗೆ ಪ್ರಕಟಿಸಿದಾಗ, ಇದು ಇಂಟೆಲ್ 386 ಚಿಪ್ಪಿಗೆ ಕಟ್ಟಿದ್ದು, ಬೇರೆ ಯಂತ್ರಕ್ಕೆ ಸಾಗಿಸಲು ಬಾರದು ಎಂದೇ ತಿಳಿಸಿದ್ದ. 1994ರಲ್ಲಿ ಡೆಕ್ ಕಂಪನಿಯ ಜಾನ್ ಹಾಲ್ ಅವನಿಗೆ ಒಂದು ಆಲ್ಫಾ ಗಣಕ ಕೊಡಿಸಿದರು. 64 ಬಿಟ್‌ಗಳ ಆ ಚಿಪ್ಪಿಗೆ ಒಗ್ಗಿಸುವಾಗ ಲಿನಕ್ಸ್‌ನ ಒಳಗನ್ನು ಎರಡಾಗಿ ಸೀಳಬೇಕಾಯಿತು. ಎಲ್ಲ ಚಿಪ್‌ಗಳಿಗೂ ಸಾಮಾನ್ಯವಾದದ್ದು ಒಂದು ಕಡೆ, ಆಯಾ ಚಿಪ್ಪಿಗೆ ಮಾತ್ರ ಬೇಕಾದದ್ದು ಬೇರೆ ಬೇರೆ ಕೋಣೆಗಳಲ್ಲಿ. 1995ರ ಮಾರ್ಚ್‌ನಲ್ಲಿ ಬಂದ 1.2ನೇ ಆವೃತ್ತಿಯಲ್ಲಿ ಇಂಟೆಲ್ ಜತೆಗೆ ಆಲ್ಫಾ, ಸ್ಪಾರ್ಕ್, ಮಿಪ್ಸ್ ಚಿಪ್‌ಗಳ ಕೋಣೆಗಳೂ ಇದ್ದವು. ಲಾರಿಯ ಹಲಗೆ ಬೇರೆ, ಅಡಿಪಟ್ಟಿ ಬೇರೆ ಎಂಬ ವಿಂಗಡಣೆ ಆಯಿತಲ್ಲ, ಲಿನಕ್ಸ್ ಮುಂದೆ ಊರೂರು ತಿರುಗಿದ್ದು ಅದರ ಬಲದಿಂದ.

ಇನ್ನು ಬೆಂಗಳೂರಿನ ಮಾತು. 1978ರಲ್ಲಿ ಬಾಗಿಲು ಮುಚ್ಚಿಕೊಂಡು ಹೋದ ಐಬಿಎಂ 1992ರಲ್ಲಿ ಟಾಟಾ ಜತೆ ಕೂಡಿ ಮರಳಿ ಬಂತು. 2001ರಲ್ಲಿ ಲಿನಕ್ಸ್‌ಗಾಗಿ ನೂರು ಕೋಟಿ ಡಾಲರ್ ಖರ್ಚು ಮಾಡುವುದಾಗಿ ಸಾರಿತು. ಅದರ ಲಿನಕ್ಸ್ ಟೆಕ್ನಾಲಜಿ ಸೆಂಟರ್‌ನ ಒಂದು ಶಾಖೆ ಬೆಂಗಳೂರಿನಲ್ಲಿ ಕೆಲಸ ಮಾಡಿತು. ಪವರ್ ಚಿಪ್ ಈ ಊರಿಗೆ ಅಪರಿಚಿತವಾಗಿರಲಿಲ್ಲ. ಸಿಡಾಕ್ ಬೆಂಗಳೂರಿನಲ್ಲಿ ಸ್ಥಾಪಿಸಿದ ಪರಮ್ ಪದ್ಮ ಸೂಪರ್ ಕಂಪ್ಯೂಟರಿನಲ್ಲಿ ಇದ್ದದ್ದು ಪವರ್4 ಚಿಪ್‌ಗಳೇ. ಆದರೆ ಅದನ್ನು ಓಡಿಸುತ್ತಿದ್ದದ್ದು ಐಬಿಎಂನ ಸ್ವಂತದ ಎಐಎಕ್ಸ್, ಲಿನಕ್ಸ್ ಅಲ್ಲ.

ಲಿನಕ್ಸ್‌ನ ಸೋರ್ಸ್ ಕೋಡ್, ಅಂದರೆ ಅದರ ಮೂಲ ಬರಹ, ಯಾರು ಬೇಕಾದರೂ ಓದಲು ತೆರೆದಿದೆ. ಅದರ ಪವರ್ ಕೋಣೆಯೊಳಗೆ ಕೆಪ್ರೋಬ್ಸ್ ಎಂಬ ಕಡತವೊಂದಿದೆ. ಅದರ ತಲೆಯಲ್ಲಿ ಮೂರು ದಾಖಲೆಗಳಿವೆ. 2002ರ ಅಕ್ಟೋಬರ್‌ನಲ್ಲಿ ವಂಶಿಕೃಷ್ಣ ಎಸ್. ಮೊದಲ ರೂಪ ಕೊಟ್ಟದ್ದು. 2004ರ ಜುಲೈಯಲ್ಲಿ ಸುಪರ್ಣಾ ಭಟ್ಟಾಚಾರ್ಯ ಜಂಪರ್ ಪ್ರೋಬ್ ಎಂಬ ಭಾಗ ಸೇರಿಸಿದ್ದು. 2004ರ ನವೆಂಬರ್‌ನಲ್ಲಿ ಅನಂತ್ ಎನ್. ಮಾವಿನಕಾಯನಹಳ್ಳಿ ಅದನ್ನು 64 ಬಿಟ್ ಪವರ್ ಚಿಪ್ಪಿಗೆ ಒಗ್ಗಿಸಿದ್ದು. ಮೂವರೂ ಭಾರತದ ಐಬಿಎಂನವರು. ಕೊನೆಯ ಹೆಸರು ಯಾವ ಸೀಮೆಯ ಸೊಗಡಿನದು ಎಂಬುದನ್ನು ಕನ್ನಡದ ಕಿವಿಗೆ ಹೇಳಬೇಕಾಗಿಲ್ಲ. ಲಿನಕ್ಸ್‌ನ ಮೂಲವನ್ನು ಎಲ್ಲಿ ಯಾರು ಇಳಿಸಿಕೊಂಡರೂ ಆ ಹೆಸರು ಜತೆಗೇ ಹೋಗುತ್ತದೆ.

ಕೆಪ್ರೋಬ್ಸ್ ಮಾಡುವ ಕೆಲಸ ಸ್ವಾರಸ್ಯದ್ದು. ಬ್ಯಾಂಕಿನ ಸರ್ವರ್ ಒಂದು ಹಗಲೆಲ್ಲ ದುಡಿಯುತ್ತಿದೆ, ಒಳಗೆ ಎಲ್ಲೋ ತೊಡಕಿದೆ ಎಂದುಕೊಳ್ಳಿ. ನಿಲ್ಲಿಸಿ ಬಿಚ್ಚಿ ನೋಡುವಂತಿಲ್ಲ. ತುಮಕೂರು ರಸ್ತೆಯ ಸಂಚಾರ ತಡೆಯದೆ ವಾಹನಗಳ ಲೆಕ್ಕ ತೆಗೆಯಬೇಕು ಎನ್ನುವ ಹಾಗೆ. ಕೆಪ್ರೋಬ್ಸ್ ಏನು ಮಾಡುತ್ತದೆಂದರೆ, ಪ್ರೊಸೆಸರ್ ನಡೆದುಹೋಗುವ ಆದೇಶಗಳ ಸಾಲಿನಲ್ಲಿ ಒಂದು ಆದೇಶವನ್ನು ಕಿತ್ತು, ಅದರ ನಕಲನ್ನು ಪಕ್ಕದ ಜಾಗದಲ್ಲಿಟ್ಟು, ಮೂಲ ಜಾಗದಲ್ಲಿ ಒಂದು ಗೇಟು ಹಾಕುತ್ತದೆ. ಪ್ರೊಸೆಸರ್ ಗೇಟಿಗೆ ಬಂದು ತಗಲಿದ ಕೂಡಲೆ ಕಾವಲುಗಾರ ಬೇಕಾದ ವಿವರ ಬರೆದುಕೊಳ್ಳುತ್ತಾನೆ. ಆಮೇಲೆ ಪಕ್ಕದಲ್ಲಿಟ್ಟ ನಕಲು ಆದೇಶವನ್ನು ನಡೆಸಿ, ಪ್ರೊಸೆಸರನ್ನು ಮತ್ತೆ ಹೆದ್ದಾರಿಗೆ ಬಿಡುತ್ತಾನೆ. ಇಷ್ಟೂ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಬೇಗ ಮುಗಿಯುತ್ತದೆ. 2004ರ ಅಕ್ಟೋಬರ್‌ನಲ್ಲಿ ಹೊರಬಂದ ಲಿನಕ್ಸ್ 2.6.9ರಲ್ಲಿ ಇದು ಮೊದಲು ಇಂಟೆಲ್ ಚಿಪ್‌ಗಳಿಗಾಗಿ ಸೇರಿತು.

ಪವರ್‌ಗೆ ಒಗ್ಗಿಸುವಾಗ ಇದರ ಪ್ರತಿಯೊಂದು ಹೆಜ್ಜೆಯನ್ನೂ ಮತ್ತೆ ಅಳೆಯಬೇಕು. ಇಂಟೆಲ್‌ನಲ್ಲಿ ಒಂದು ಆದೇಶ ಒಂದು ಬೈಟ್‌ನಿಂದ 15 ಬೈಟ್‌ವರೆಗೆ ಎಷ್ಟು ಉದ್ದವೂ ಇರಬಹುದು. ಗೇಟು ಮಾತ್ರ ಒಂದೇ ಬೈಟಿನದು. ಪವರ್‌ನಲ್ಲಿ ಪ್ರತಿ ಆದೇಶವೂ ಸರಿಯಾಗಿ ನಾಲ್ಕು ಬೈಟ್, ಗೇಟೂ ಅಷ್ಟೇ. ಆದ್ದರಿಂದ ನಾಲ್ಕರಿಂದ ಭಾಗವಾಗದ ವಿಳಾಸದಲ್ಲಿ ಗೇಟು ಹಾಕಲು ಯಾರಾದರೂ ಹೊರಟರೆ ಈ ಕಡತ ಮುಲಾಜಿಲ್ಲದೆ ತಿರಸ್ಕರಿಸುತ್ತದೆ. ಇಂಟೆಲ್‌ನಲ್ಲಿ ಆದೇಶ ಬದಲಾದದ್ದನ್ನು ಚಿಪ್ ತಾನಾಗಿ ಗಮನಿಸುತ್ತದೆ. ಪವರ್ ತನ್ನ ಕ್ಯಾಷ್‌ನಲ್ಲಿ, ಅಂದರೆ ಕೈಗೆಟುಕುವಲ್ಲಿ ಇಟ್ಟುಕೊಂಡ ಹಳೆಯ ಪ್ರತಿಯನ್ನೇ ಓದುತ್ತಾ ಕೂರಬಹುದು. ಅದನ್ನು ಅಳಿಸು, ಹೊಸದನ್ನು ನೋಡು ಎಂದು ಪ್ರತ್ಯೇಕವಾಗಿ ಹೇಳಬೇಕು. ಹೇಳದಿದ್ದರೆ ಗೇಟು ಹಾಕಿದರೂ ವಾಹನ ನಿಲ್ಲದೆ ಹೋಗುತ್ತದೆ, ಅದೂ ಒಮ್ಮೊಮ್ಮೆ ಮಾತ್ರ. ಇಂಥ ಒಮ್ಮೊಮ್ಮೆಯ ತಪ್ಪೇ ಹಿಡಿಯಲು ಅತಿ ಕಷ್ಟದ್ದು. ಕೆಲವು ಆದೇಶಗಳ ಮೇಲಂತೂ ಗೇಟು ಹಾಕುವಂತೆಯೇ ಇಲ್ಲ. ಯಂತ್ರದ ಸ್ಥಿತಿಯನ್ನೇ ಬದಲಿಸುವ ಆದೇಶಗಳ ಹೆಸರು ಹಿಡಿದು ಕಡತ ಅವನ್ನು ಹೊರಗಿಡುತ್ತದೆ.

ಇಷ್ಟಾದರೆ ಮುಗಿಯಿತೇ ಎಂದರೆ ಇಲ್ಲ. ಪವರ್‌ನಲ್ಲಿ ಪ್ರತಿ ಆದೇಶವೂ ನಾಲ್ಕು ಬೈಟ್ ಎಂಬುದು 2004ರಲ್ಲಿ ಕಲ್ಲಿನ ಮೇಲಿನ ಬರಹ. 2020ರಲ್ಲಿ ಹೊರಬಿದ್ದ ಹೊಸ ವಿನ್ಯಾಸದಲ್ಲಿ ಎಂಟು ಬೈಟ್‌ಗಳ ಜೋಡಿ ಆದೇಶಗಳು ಬಂದವು. 2021ರಲ್ಲಿ ಪವರ್10 ಚಿಪ್ ಅವನ್ನು ಹೊತ್ತು ಮಾರುಕಟ್ಟೆಗೆ ಬಂತು. ಈಗ ಗೇಟು ಜೋಡಿಯ ಎರಡನೆಯ ಅರ್ಧದ ಮೇಲೆ ಬಿದ್ದರೆ ಒಂದು ಮಾತನ್ನು ನಡುವೆ ಕತ್ತರಿಸಿದಂತಾಗುತ್ತದೆ. ಹಾಗಾಗದಂತೆ ಅದೇ ಕಡತವನ್ನು ಮತ್ತೆ ತಿದ್ದಿದರು. ಅದಕ್ಕೂ ಮೊದಲು ಇನ್ನೂ ದೊಡ್ಡ ಬದಲಾವಣೆಯೊಂದು ಆಗಿತ್ತು. ಪವರ್‌ನ ಲಿನಕ್ಸ್ ಮೊದಲಿಂದ ದೊಡ್ಡ ಬೈಟ್ ಮೊದಲು ಎನ್ನುವ ಪಂಗಡದ್ದು. ಜಗತ್ತಿನ ಬಹುಪಾಲು ತಂತ್ರಾಂಶ ಇಂಟೆಲ್‌ನ ಚಿಕ್ಕ ಬೈಟ್ ಮೊದಲು ಎಂಬ ಪದ್ಧತಿಯನ್ನೇ ನಂಬಿ ಬರೆದದ್ದು. ಅಷ್ಟನ್ನೂ ತಿದ್ದಿಸುವ ಬದಲು ಲಿನಕ್ಸನ್ನೇ ಆ ಪದ್ಧತಿಗೆ ತಿರುಗಿಸಿದರು. ಎರಡೂ ರೀತಿಯಲ್ಲಿ ನಡೆಯುವ ಶಕ್ತಿ ಪವರ್ ಚಿಪ್ಪಿಗೆ ಮೊದಲೇ ಇತ್ತು. 2014ರ ಏಪ್ರಿಲ್‌ನಲ್ಲಿ ಬಂದ ಉಬುಂಟು ಈ ಹೊಸ ರೀತಿಯದು. ಸಿದ್ಧಾಂತದ ಗೆಲುವಲ್ಲ, ಬಹುಮತದ ಗೆಲುವು ಎನ್ನಬೇಕು.

ಹೀಗೆ ತಿದ್ದುವ ಕೈಗಳು ಸಿಕ್ಕಿದ್ದು ಪವರ್‌ನ ಅದೃಷ್ಟ. ಇಟಾನಿಯಂಗೆ ಆ ಭಾಗ್ಯ ಕೊನೆಯವರೆಗೆ ಇರಲಿಲ್ಲ. 2001ರಲ್ಲಿ ಬಹಳ ಸದ್ದು ಮಾಡಿ ಬಂದ ಈ ಚಿಪ್ಪಿಗಾಗಿ ಆಲ್ಫಾವನ್ನೇ ಬಲಿ ಕೊಟ್ಟರು. 2021ರ ಜುಲೈನಲ್ಲಿ ಅದರ ಮಾರಾಟ ನಿಂತಿತು. ಲಿನಕ್ಸ್‌ನಲ್ಲಿ ಅದರ ಕೋಣೆಯನ್ನು ನೋಡಿಕೊಳ್ಳುವವರು ಉಳಿಯಲಿಲ್ಲ. ಸಾಮಾನ್ಯ ಭಾಗದಲ್ಲಿ ಯಾರೇ ಏನೇ ಬದಲಿಸಿದರೂ ಈ ಕೋಣೆಯನ್ನೂ ಪರೀಕ್ಷಿಸಬೇಕು, ಪರೀಕ್ಷಿಸಲು ಯಂತ್ರವಿಲ್ಲ. ಕಡೆಗೆ 2024ರ ಜನವರಿಯಲ್ಲಿ ಹೊರಬಂದ 6.7ನೇ ಆವೃತ್ತಿಯಲ್ಲಿ ಇಟಾನಿಯಂನ ಸುಮಾರು 65 ಸಾವಿರ ಸಾಲುಗಳನ್ನು ಒಟ್ಟಿಗೇ ತೆಗೆದುಹಾಕಿದರು. ಅದರ ಕೆಪ್ರೋಬ್ಸ್ ಕಡತವೂ ಅದರೊಂದಿಗೆ ಹೋಯಿತು. ವಿಚಿತ್ರವೆಂದರೆ ಬಲಿಯಾದ ಆಲ್ಫಾದ ಕೋಣೆ, ಹಳೆಯ ಮಾದರಿಗಳನ್ನು 2024ರಲ್ಲಿ ಕೈಬಿಟ್ಟ ಮೇಲೂ, ಉಳಿದುಕೊಂಡಿದೆ. ಲಿನಕ್ಸ್ ಹುಟ್ಟಿದ 386 ಚಿಪ್ಪಿಗೇ 2012ರ ಡಿಸೆಂಬರ್‌ನಲ್ಲಿ ಬಾಗಿಲು ಮುಚ್ಚಿದರು ಎಂದ ಮೇಲೆ ಯಾರಿಗೂ ಇಲ್ಲಿ ಹುಟ್ಟುಹಕ್ಕು ಇಲ್ಲವೆಂದಾಯಿತು.

ಇಟಾನಿಯಂ ಸರ್ವರ್ ಇನ್ನೂ ಇಟ್ಟುಕೊಂಡವರು ಹಳೆಯ ಆವೃತ್ತಿಯಲ್ಲೇ ದಿನ ದೂಡಬಹುದು. ಅದಕ್ಕೆ ಭದ್ರತೆಯ ರಿಪೇರಿ ಎಂದೆಂದೂ ಸಿಗುತ್ತಿರುವುದಿಲ್ಲ. ಆದರೆ 1978ಕ್ಕೂ ಇದಕ್ಕೂ ಒಂದು ವ್ಯತ್ಯಾಸವಿದೆ. ತೆಗೆದುಹಾಕಿದ ಸಾಲುಗಳು ಬೀರುವಿನೊಳಗೆ ಹೋಗಲಿಲ್ಲ, ಹಳೆಯ ಪ್ರತಿಗಳಲ್ಲಿ ಎಲ್ಲರಿಗೂ ಕಾಣುವಂತೆ ಇವೆ. ಕೆಲವು ಆಸಕ್ತರು ಅವನ್ನು ಎತ್ತಿಕೊಂಡು ಲಿನಕ್ಸ್‌ನ ಹೊರಗೇ ಇಟಾನಿಯಂ ರೂಪವನ್ನು ನಡೆಸಿಕೊಂಡು ಬರುತ್ತಿದ್ದಾರೆ. ಓದುವ ಹಕ್ಕು ಇದ್ದದ್ದರಿಂದ ಅದು ಸಾಧ್ಯವಾಯಿತು. ದುಡಿಯುವ ಕೈಗಳನ್ನು ಮಾತ್ರ ಯಾವ ಪರವಾನಗಿಯೂ ಕೊಡಲಾರದು.

ಈ ಲೆಕ್ಕ ನಮ್ಮ ದೇಶಕ್ಕೆ ಈಗ ಹತ್ತಿರದ್ದು. ರಿಸ್ಕ್-ಫೈವ್ ಎಂಬ, ಯಾರು ಬೇಕಾದರೂ ಬಳಸಬಹುದಾದ ಚಿಪ್ ಭಾಷೆಗೆ 2018ರ ಜನವರಿಯ ಲಿನಕ್ಸ್‌ನಲ್ಲಿ ಕೋಣೆ ಸಿಕ್ಕಿತು. ಅದೇ ವರ್ಷ ಮದರಾಸಿನ ಐಐಟಿಯ ಶಕ್ತಿ ಚಿಪ್ಪಿನ ಮೇಲೆ ಲಿನಕ್ಸ್ ಓಡಿತು. ಸಿಡಾಕ್ ಕೂಡ ವೇಗಾ ಎಂಬ ಚಿಪ್‌ಗಳನ್ನು ಮಾಡಿದೆ. ಚಿಪ್ ಬಿಡುಗಡೆಯ ಸಮಾರಂಭಕ್ಕೆ ಮಂತ್ರಿಗಳು ಬರುತ್ತಾರೆ, ಫೋಟೋ ಅಚ್ಚಾಗುತ್ತದೆ. ಆ ಚಿಪ್ಪಿನ ಲಿನಕ್ಸನ್ನು ಹತ್ತು, ಹದಿನೈದು ವರ್ಷ ಬಿಡದೆ ತಿದ್ದುತ್ತಾ ಕೂರುವವರಿಗೆ ಸಂಬಳ ಕೊಡುವವರಾರು ಎಂಬುದನ್ನು ಅಂಥ ಸಮಾರಂಭಗಳಲ್ಲಿ ಯಾರಾದರೂ ಕೇಳುವುದು ಒಳ್ಳೆಯದು.

ಪವರ್ ಕೋಣೆಯ ಆ ಕಡತದ ತಲೆಯಲ್ಲಿ 2004ರ ಜುಲೈನ ದಾಖಲೆ ಹೇಳುವ ಜಂಪರ್ ಪ್ರೋಬ್ ಈಗ ಅಲ್ಲಿಲ್ಲ. ಅದಕ್ಕಿಂತ ಉತ್ತಮವಾದ ದಾರಿಗಳು ಬಂದವೆಂದು 2018ರಲ್ಲಿ ಅದನ್ನು ಪೂರ್ತಿ ತೆಗೆದರು. ದಾಖಲೆಯ ಸಾಲನ್ನು ಮಾತ್ರ ಅಳಿಸಲಿಲ್ಲ. ಅದರ ಕೆಳಗಿನ ಸಾಲು ಮಾವಿನಕಾಯನಹಳ್ಳಿಯವರದು. ಅವರು ಒಗ್ಗಿಸಿದ ಭಾಗ, ಎಷ್ಟೋ ಜನರ ಕೈಯಲ್ಲಿ ತಿದ್ದುಪಡಿ ಕಂಡು, ಪವರ್ ಸರ್ವರ್‌ಗಳಲ್ಲಿ ಇನ್ನೂ ದುಡಿಯುತ್ತಿದೆ.