ಸುಡಾನಿನಿಂದ ಸದಾಶಿವಪುರಕ್ಕೆ

ಫಿಲಿಪೀನ್ಸ್ ದ್ವೀಪಗಳ ಭಾಷೆಯಲ್ಲಿ ‘ಬಾಲಿಕ್‌ಬಾಯನ್’ ಎಂಬ ಒಂದು ಶಬ್ದವುಂಟು. ‘ಬಾಲಿಕ್’ ಎಂದರೆ ಮರಳುವುದು. ‘ಬಾಯನ್’ ಎಂದರೆ ಊರೂ ಹೌದು, ದೇಶವೂ ಹೌದು. ನಮ್ಮ ‘ನಾಡು’ ಎಂಬ ಮಾತು ಒಮ್ಮೆ ನಾಲ್ಕು ಹಳ್ಳಿಗಳ ಸೀಮೆಯನ್ನೂ ಮತ್ತೊಮ್ಮೆ ಇಡೀ ಕನ್ನಡ ದೇಶವನ್ನೂ ಹೇಳುವಂತೆ, ಅವರ ಈ ಮಾತೂ ಸಂದರ್ಭಕ್ಕೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಪರದೇಶದಲ್ಲಿ ನೆಲಸಿ ಮತ್ತೆ ತಾಯ್ನಾಡಿಗೆ ಬಂದವನೇ ಬಾಲಿಕ್‌ಬಾಯನ್. ಶಬ್ದವೇನೋ ಕಿವಿಗೆ ಇಂಪಾಗಿದೆ. ಆದರೆ ಅದಕ್ಕೆ ಇಂದಿನ ಚಲಾವಣೆಯನ್ನು ತಂದುಕೊಟ್ಟದ್ದು ಸರ್ಕಾರ. 1972ರಲ್ಲಿ ಆ ದೇಶದ ಮೇಲೆ ಸೈನಿಕ ಶಾಸನವನ್ನು ಹೇರಿದ ಅಧ್ಯಕ್ಷ ಮಾರ್ಕೋಸ್, ಅದರಿಂದ ಬಂದ ಕೆಟ್ಟ ಹೆಸರನ್ನು ತೊಳೆದುಕೊಳ್ಳುವುದಕ್ಕಾಗಿ 1973ರಲ್ಲಿ ಅಮೆರಿಕ ಮೊದಲಾದ ದೇಶಗಳಲ್ಲಿ ನೆಲಸಿದ್ದ ತನ್ನವರನ್ನು ರಿಯಾಯಿತಿಯ ಪ್ರಯಾಣದ ಆಸೆ ತೋರಿಸಿ ತಾಯ್ನಾಡಿಗೆ ಆಹ್ವಾನಿಸಿದ. 1989ರಲ್ಲಿ ಅದಕ್ಕಾಗಿಯೇ ಒಂದು ಕಾನೂನು ಬಂದು, ಹೊರದೇಶದ ಪೌರತ್ವ ಪಡೆದವರೂ ವೀಸಾದ ಗೊಡವೆಯಿಲ್ಲದೆ ಒಂದು ವರ್ಷ ಇರಬಹುದೆಂದಾಯಿತು.

ಇದೇ ಕಾಲದಲ್ಲಿಯೇ, 1974ರ ಕಾರ್ಮಿಕ ಸಂಹಿತೆಯ ತರುವಾಯ, ಲಕ್ಷಾಂತರ ಜನ ಅದೇ ದೇಶದಿಂದ ನಾವಿಕರಾಗಿ, ಮನೆಗೆಲಸದವರಾಗಿ, ಕಟ್ಟಡದ ಕೂಲಿಗಳಾಗಿ ಹೊರಟರು. ಅವರೂ ಮರಳುತ್ತಿದ್ದರು. ಬಂದವರು ಉಳಿತಾಯದ ಹಣದಲ್ಲಿ ‘ಸಾರಿ-ಸಾರಿ’ ಎಂದು ಕರೆಯುವ ಚಿಲ್ಲರೆ ಅಂಗಡಿಯನ್ನು ಮನೆಯ ಮುಂದೆಯೇ ತೆರೆಯುತ್ತಿದ್ದರು. ಒಂದೇ ಬೀದಿಯಲ್ಲಿ ಅಂತಹ ನಾಲ್ಕು ಅಂಗಡಿಗಳಾದರೆ ನಾಲ್ಕೂ ಸೊರಗುವುದೇ ಸರಿ. ಆದರೆ ಆ ಸೊಗಸಾದ ಶಬ್ದವನ್ನು ಕಟ್ಟಿದ್ದು ಇವರಿಗಾಗಿ ಅಲ್ಲ. 1988ರಲ್ಲಿ ಅಧ್ಯಕ್ಷೆ ಕೊರಜೋನ್ ಅಕ್ವಿನೊ ಇವರನ್ನು ‘ಹೊಸ ವೀರರು’ ಎಂದು ಕರೆದ ಮೇಲೆಯೇ ಇವರಿಗೂ ಒಂದು ಮಾನ ಬಂದದ್ದು. ಮರಳಿ ಬರುವುದರಲ್ಲಿಯೂ ಹೀಗೆ ಎರಡು ಜಾತಿಗಳು ಇರುತ್ತವೆ. ನಾನು ಇಂದು ಹೇಳಹೊರಟಿರುವುದು ನಮ್ಮಲ್ಲಿನ ಎರಡನೆಯ ಜಾತಿಯವರನ್ನು ಕುರಿತು.

ಮರಳುವುದು ಎಂದೊಡನೆ ನಮ್ಮ ಸಾಹಿತ್ಯಾಭ್ಯಾಸಿಗಳ ಮನಸ್ಸು ಬನವಾಸಿಯ ಕಡೆಗೆ ಹರಿಯುತ್ತದೆ. ಅದು ಸಹಜವೇ. ಆದರೆ ಪಂಪನ ಹಂಬಲದಲ್ಲಿ ತಂಗಾಳಿಯುಂಟು, ಹಾಡುಂಟು, ವಸಂತವುಂಟು. ಬಂದವನು ಮರುದಿನ ಏನು ಮಾಡಿ ಉಣ್ಣಬೇಕೆಂಬ ಪ್ರಶ್ನೆ ಇಲ್ಲ. ಇನ್ನು ನಮ್ಮ ಸರ್ಕಾರಗಳ ಹಂಬಲವೋ, ಅದು ಬಂಡವಾಳದ ಹಂಬಲ. ಗಾಂಧೀಜಿಯವರು 1915ರ ಜನವರಿ 9ರಂದು ದಕ್ಷಿಣ ಆಫ್ರಿಕದ ವಾಸವನ್ನು ಮುಗಿಸಿ ಮುಂಬಯಿಯಲ್ಲಿ ಬಂದಿಳಿದ ನೆನಪಿಗಾಗಿ 2003ರಿಂದ ಪ್ರವಾಸಿ ಭಾರತೀಯ ದಿವಸವನ್ನು ಆಚರಿಸತೊಡಗಿದೆವು. ಅಲ್ಲಿ ಸನ್ಮಾನದ ಶಾಲು ಹೊದೆಯುವವರು ವೈದ್ಯರು, ವಿಜ್ಞಾನಿಗಳು, ಉದ್ಯಮಿಗಳು. ಆಫ್ರಿಕದ ಬೀದಿಗಳಲ್ಲಿ ನೋವಿನ ಎಣ್ಣೆ ಮಾರಿ ಶಿವಮೊಗ್ಗಕ್ಕೆ ಹಿಂದಿರುಗಿದ ಹಕ್ಕಿಪಿಕ್ಕಿಯವರ ನೆನಪು ಆ ಸಭೆಗೆ ಬರುವುದು ಕಷ್ಟ.

ಶಿವಮೊಗ್ಗದ ಬಳಿ ಸದಾಶಿವಪುರ ಎಂಬಲ್ಲಿ ಹಕ್ಕಿಪಿಕ್ಕಿಯವರ ವಸತಿಯಿದೆ. ಸುತ್ತಿನವರು ಅದನ್ನು ಕ್ಯಾಂಪ್ ಎಂದೇ ಕರೆಯುತ್ತಾರೆ. ನೆಲೆನಿಂತು ತಲೆಮಾರುಗಳೇ ಕಳೆದರೂ ನಮ್ಮ ಬಾಯಲ್ಲಿ ಅದು ಇನ್ನೂ ಊರಾಗಿಲ್ಲ, ಬಿಡಾರವಾಗಿಯೇ ಉಳಿದಿದೆ! 1997ರವರೆಗೆ ನಮ್ಮ ಜಿಲ್ಲೆಯದೇ ಆಗಿದ್ದ ಚನ್ನಗಿರಿ ತಾಲ್ಲೂಕಿನಲ್ಲಿಯೂ, ಅತ್ತ ಹಾಸನ ಜಿಲ್ಲೆಯಲ್ಲಿಯೂ, ಹುಣಸೂರಿನ ಪಕ್ಷಿರಾಜಪುರದಲ್ಲಿಯೂ ಇವರಿದ್ದಾರೆ. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದಲ್ಲಿ ಇವರ ಸಂಖ್ಯೆ 11,892. ಇವರ ಹೆಸರಿನಲ್ಲಿಯೇ ನಮ್ಮ ಹಕ್ಕಿ ಕುಳಿತಿದೆ. ಮನೆಯೊಳಗಿನ ಮಾತು ಮಾತ್ರ ಗುಜರಾತಿಗೆ ಹತ್ತಿರವಾದ ವಾಗ್ರಿ. ತಮ್ಮ ಹಿರಿಯರು ರಾಣಾ ಪ್ರತಾಪನ ಕಡೆಯವರು, ಸೋಲಿನ ಅನಂತರ ಕಾಡು ಸೇರಿ ತೆಂಕಣಕ್ಕೆ ಬಂದವರು ಎಂದು ಇವರು ಹೇಳಿಕೊಳ್ಳುತ್ತಾರೆ. ಇತಿಹಾಸ ಒಪ್ಪೀತೋ ಬಿಟ್ಟೀತೋ, ಅದು ಬೇರೆ ಮಾತು. ನನಗೆ ಕುತೂಹಲದ ಸಂಗತಿಯೆಂದರೆ ಇದು: ಕಥೆಯಲ್ಲಿ ತಾಯ್ನಾಡು ಮೇವಾಡವಾಗಿರುವ ಈ ಜನಕ್ಕೆ, ಪರದೇಶದಲ್ಲಿ ಗುಂಡಿನ ಸದ್ದು ಕೇಳಿದಾಗ ಸೇರಿಕೊಳ್ಳಬೇಕೆನಿಸಿದ ನೆಲ ಮೇವಾಡವಲ್ಲ, ಪಡಿತರ ಚೀಟಿಯಿರುವ, ಮಕ್ಕಳನ್ನು ಬಿಟ್ಟುಬಂದ, ಕ್ಯಾಂಪ್ ಎಂದು ಕರೆಸಿಕೊಳ್ಳುವ ಈ ಮಲೆನಾಡಿನ ಅಂಚು.

ಹಕ್ಕಿ ಹಿಡಿಯುವವರು ಎಣ್ಣೆ ಮಾರುವವರಾದದ್ದು ಹೇಗೆ? 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಆ ಕಾಯಿದೆ ಬೇಕಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾಡನ್ನು ನೆಚ್ಚಿದ್ದವರು ಹಕ್ಕಿಪಿಕ್ಕಿಯವರಷ್ಟೇ ಅಲ್ಲ ಎಂಬುದನ್ನು ಭದ್ರಾವತಿಯನ್ನು ಬಲ್ಲವರು ಮರೆಯಬಾರದು. ವಿಶ್ವೇಶ್ವರಯ್ಯನವರ ಮುಂದಾಳುತನದಲ್ಲಿ 1918ರಲ್ಲಿ ಹುಟ್ಟಿ 1923ರಲ್ಲಿ ಕಬ್ಬಿಣ ಕರಗಿಸಿದ ಆ ಕಾರ್ಖಾನೆ ಉರಿದದ್ದು ಮಲೆನಾಡಿನ ಮರದ ಇದ್ದಿಲಿನಿಂದ. 1936ರಲ್ಲಿ ಆರಂಭವಾದ ಕಾಗದದ ಕಾರ್ಖಾನೆಗೂ ಕಾಡಿನ ಬಿದಿರು ಬೇಕಾಯಿತು. 1980ರಲ್ಲಿ ಅದರ ನೆಡುತೋಪುಗಳಿಗಾಗಿ ಅರಣ್ಯಭೂಮಿಯನ್ನೇ 40 ವರ್ಷಗಳ ಗುತ್ತಿಗೆಗೆ ಕೊಟ್ಟರು. ಒಂದೇ ಕಾಡು. ಕಾರ್ಖಾನೆಗೆ ಸಿಕ್ಕಿದ್ದು ಗುತ್ತಿಗೆಯ ಪತ್ರ. ಬಲೆಯವನಿಗೆ ಸಿಕ್ಕಿದ್ದು ನಿಷೇಧದ ಪತ್ರ. ಒಂದು ನಗರ ಕಾಡಿನಿಂದ ಬದುಕಿತು, ಇನ್ನೊಂದು ಸಮುದಾಯ ಕಾಡಿನಿಂದ ಹೊರಬಿತ್ತು.

ಹೊರಬಿದ್ದವರು ಜಾತ್ರೆಗಳಲ್ಲಿ ಮಣಿಸರ, ಪ್ಲಾಸ್ಟಿಕ್ ಹೂವುಗಳನ್ನು ಮಾರಿದರು. ಕಾಡಿನ ಬೇರು ನಾರುಗಳ ತಿಳಿವಳಿಕೆ ಹೇಗೂ ಇತ್ತು. ಅದನ್ನು ಎಣ್ಣೆಯಲ್ಲಿ ಕುದಿಸಿ ಮೈಕೈ ನೋವಿಗೆಂದೂ ಕೂದಲಿಗೆಂದೂ ಮಾರತೊಡಗಿದರು. ಸುಮಾರು ಕಾಲು ಶತಮಾನದ ಹಿಂದೆ ಅವರಲ್ಲಿ ಕೆಲವರು ಸಿಂಗಪುರ ಮೊದಲಾದ ಪೂರ್ವದೇಶಗಳಿಗೆ ಹೋದರು, ಆಮೇಲೆ ಆಫ್ರಿಕಕ್ಕೆ. ವೈದ್ಯರು ವಿರಳವಾಗಿರುವ, ಇದ್ದರೂ ಬಡವರ ಕೈಗೆ ಎಟುಕದ ಊರುಗಳಲ್ಲಿ ಈ ಎಣ್ಣೆಗಳಿಗೆ ಗಿರಾಕಿಗಳು ಕಡಿಮೆಯಿಲ್ಲ. ಹೋಗುವವರು ಬಡ್ಡಿಗೆ ಸಾಲ ತೆಗೆದು ಟಿಕೆಟ್ಟು, ವೀಸಾಗಳನ್ನು ಹೊಂದಿಸುತ್ತಾರೆ, ಕೆಲವು ತಿಂಗಳು ತಿರುಗಿ ಮಾರಿ ಹಿಂದಿರುಗುತ್ತಾರೆ, ಸಾಲ ತೀರಿಸಿ ಉಳಿದುದರಲ್ಲಿ ಮನೆ ಕಟ್ಟುತ್ತಾರೆ, ಮತ್ತೆ ಹೊರಡುತ್ತಾರೆ. ಗಂಡ ಹೆಂಡಿರಿಬ್ಬರೂ ಜೊತೆಗೆ ಹೋಗುವುದುಂಟು. ಆಗ ಮಕ್ಕಳು ಅಜ್ಜಿ ತಾತಂದಿರ ಪಾಲು. ಮನೆಯಲ್ಲಿ ವಾಗ್ರಿ, ಸಂತೆಯಲ್ಲಿ ಕನ್ನಡ, ರೈಲಿನಲ್ಲಿ ಹಿಂದಿ, ಪರದೇಶದಲ್ಲಿ ವ್ಯಾಪಾರಕ್ಕೆ ಬೇಕಾದಷ್ಟು ಅಲ್ಲಿಯ ಮಾತು. ಕನ್ನಡದ ಹೊರತು ಬೇರೆ ಭಾಷೆ ತಿಳಿಯದೆಂಬ ಹೆಮ್ಮೆಯಲ್ಲಿರುವ ನನ್ನಂಥವರಿಗೆ ಇದು ಸ್ವಲ್ಪ ನಾಚಿಕೆಯ ವಿಷಯವೇ.

2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಸೈನ್ಯಕ್ಕೂ ಅರೆಸೈನಿಕ ಪಡೆಗೂ ಯುದ್ಧ ಹೊತ್ತಿಕೊಂಡಿತು. ಆ ದೇಶದ ಪಶ್ಚಿಮ ಭಾಗದ ದಾರ್‌ಫುರ್ ಪ್ರಾಂತದಲ್ಲಿ ಅಲ್-ಫಾಶಿರ್ ಎಂಬ ಊರಿದೆ. ಅಲ್ಲಿ ಕರ್ನಾಟಕದ 31 ಮಂದಿ ಹಕ್ಕಿಪಿಕ್ಕಿಯವರು ಸಿಲುಕಿದ್ದಾರೆ, 19 ಮಂದಿ ಹುಣಸೂರಿನವರು, ಏಳು ಮಂದಿ ಶಿವಮೊಗ್ಗದವರು, ಐವರು ಚನ್ನಗಿರಿಯವರು ಎಂದು ಆ ವಾರ ಪತ್ರಿಕೆಗಳು ಬರೆದವು. ಹೊರಗೆ ಗುಂಡಿನ ಮಳೆ, ಒಳಗೆ ಅನ್ನ ನೀರಿನ ಅಭಾವ. ನಮ್ಮಲ್ಲಿ ಅದು ವಿಧಾನಸಭೆಯ ಚುನಾವಣೆಯ ಕಾಲ. ಈ ಜನದ ಸಂಕಟ ಮುಖಂಡರ ವಾಗ್ವಾದಕ್ಕೂ ವಸ್ತುವಾಯಿತು. ಅಲ್ಲಿಂದ ಹಡಗು ಸಿಗುವ ಕೆಂಪು ಸಮುದ್ರದ ರೇವು, ಪೋರ್ಟ್ ಸುಡಾನ್, ಸಾವಿರ ಕಿಲೋಮೀಟರಿಗೂ ಮೀರಿದ ದೂರ. ಏಪ್ರಿಲ್ 24ರಂದು ‘ಆಪರೇಷನ್ ಕಾವೇರಿ’ ಆರಂಭವಾಯಿತು. ನೌಕಾಪಡೆಯ ‘ಸುಮೇಧಾ’ ಹಡಗು 278 ಮಂದಿಯ ಮೊದಲ ತಂಡವನ್ನು ಜೆಡ್ಡಾಕ್ಕೆ ದಾಟಿಸಿತು. ಮೇ ತಿಂಗಳ ಮೊದಲ ವಾರದಲ್ಲಿ ಕೆಲಸ ಮುಗಿದಾಗ ಹಾಗೆ ಬಂದವರ ಒಟ್ಟು ಸಂಖ್ಯೆ 3,862. ಅವರಲ್ಲಿ ನಮ್ಮ ಹಕ್ಕಿಪಿಕ್ಕಿಯವರೂ ಇದ್ದರು. ಕಾವೇರಿಯ ಹೆಸರು ಅವರಿಗೆ ಹೊಂದಿತು. ಆ ಕಾರ್ಯವನ್ನು ಮಾಡಿದವರಿಗೆ ನಮ್ಮ ಕೃತಜ್ಞತೆ ಸಲ್ಲಲೇಬೇಕು.

ಆದರೆ ಜೀವ ಬಂತು, ಜೀವನ ಬರಲಿಲ್ಲ. ಯುದ್ಧದ ನಡುವೆ ಓಡಿಬಂದವನು ಮಾರಬೇಕಾದ ಸರಕನ್ನು ಹೊತ್ತು ತರುವುದುಂಟೆ? ಸಾಲವಾದರೋ ಊರಿನಲ್ಲಿ ಕಾದು ಕುಳಿತಿರುತ್ತದೆ. ಬಡ್ಡಿಗೆ ಯುದ್ಧವೂ ಇಲ್ಲ, ಕದನವಿರಾಮವೂ ಇಲ್ಲ.

ಅದೇ 2023ನೆಯ ಇಸವಿ ನಮ್ಮ ಜಿಲ್ಲೆಯಲ್ಲಿ ಏನೇನನ್ನು ಕಂಡಿತೆಂದು ನೆನೆದರೆ ವಿಚಿತ್ರವೆನಿಸುತ್ತದೆ. ಜನವರಿಯಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಪ್ರಕಟವಾಯಿತು. ಕಾರ್ಮಿಕರು ಧರಣಿ ಕುಳಿತರು. ಆಗಸ್ಟಿನಲ್ಲಿ ಒಂದು ಭಾಗ ಮತ್ತೆ ಚಲಿಸಿತು. ಕಾಗದದ ಕಾರ್ಖಾನೆ ಅಷ್ಟರಲ್ಲಿ ನಿಂತು ವರ್ಷಗಳೇ ಆಗಿದ್ದವು. ಫೆಬ್ರವರಿ 27ರಂದು ಸೋಗಾನೆಯಲ್ಲಿ ವಿಮಾನನಿಲ್ದಾಣದ ಉದ್ಘಾಟನೆ; ಅದಕ್ಕೆ ಕುವೆಂಪು ಅವರ ಹೆಸರು. ಅಲ್ಲಿಗೆ ಪ್ರಯಾಣಿಕರ ವಿಮಾನ ಬಂದದ್ದು ಆಗಸ್ಟ್ 31ರಂದು. ನಡುವೆ ಏಪ್ರಿಲಿನಲ್ಲಿ ಸುಡಾನಿನ ಸುದ್ದಿ. ಭದ್ರಾವತಿಯ ಮಕ್ಕಳು ಕೆಲಸಕ್ಕಾಗಿ ಬೆಂಗಳೂರಿಗೆ, ಕೊಲ್ಲಿಯ ದೇಶಗಳಿಗೆ ಹೋದವರು, ಮರಳಿ ಬನ್ನಿ ಎಂದರೆ, ಬಂದು ಏನು ಮಾಡುವುದು ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಅವರ ಉದ್ಯೋಗ ಕಾರ್ಖಾನೆಯ ಗೇಟಿನ ಒಳಗಿತ್ತು. ಗೇಟು ಮುಚ್ಚಿದರೆ ಉದ್ಯೋಗವಿಲ್ಲ. ಸದಾಶಿವಪುರದವರ ಉದ್ಯೋಗ ಅವರ ಚೀಲದಲ್ಲಿದೆ. ಬಂದು ಏನು ಮಾಡುವುದೆಂದು ಅವರು ಕೇಳುವುದಿಲ್ಲ. ಇಲ್ಲಿಯೇ ಕುಳಿತು ಮಾಡಲು ಬಿಡುತ್ತೀರಾ ಎಂಬುದು ಅವರ ಪ್ರಶ್ನೆ.

ಬಿಟ್ಟರೆ ಏನಾಗಬಹುದೆಂಬುದನ್ನು ಹುಣಸೂರಿನ ಪಕ್ಷಿರಾಜಪುರ ತೋರಿಸಿತು. ಅಲ್ಲಿಯ ಹಕ್ಕಿಪಿಕ್ಕಿಯವರು ತಮ್ಮ ಕೂದಲೆಣ್ಣೆಯನ್ನು ಮೊಬೈಲ್ ಫೋನಿನ ಮೂಲಕ, ತಮ್ಮದೇ ನೀಳವಾದ ಕೂದಲನ್ನು ಸಾಕ್ಷಿಗೆ ತೋರಿಸಿ, ಇಡೀ ಭಾರತಕ್ಕೆ ಮಾರತೊಡಗಿದರು. ಎರಡು ಮೂರು ವರ್ಷಗಳಲ್ಲಿ ಆ ‘ಆದಿವಾಸಿ ಎಣ್ಣೆ’ಯ ಹೆಸರು ಮುಂಬಯಿಯ ಸಿನಿಮಾ ಮಂದಿಯ ಬಾಯಲ್ಲಿಯೂ ಕೇಳಿಬಂತು. 108 ಗಿಡಮೂಲಿಕೆಗಳುಂಟೆಂದು ಅವರ ಜಾಹೀರಾತು. ಆ ನೂರೆಂಟನ್ನು ನಾನು ಎಣಿಸಿ ನೋಡಿಲ್ಲ. ಬಕ್ಕತಲೆಯಲ್ಲಿ ಪೈರು ಬಂದೀತೆಂದು ನಂಬುವವನೂ ಅಲ್ಲ. ಅಂತಹ ಭರವಸೆ ಕೊಟ್ಟು ಔಷಧ ಮಾರುವಂತಿಲ್ಲವೆಂದು 1945ರ ಔಷಧ ನಿಯಮಗಳೇ ಹೇಳುತ್ತವೆ. ಆದರೆ ವ್ಯಾಪಾರದ ಮಾತನ್ನು ಗಮನಿಸಿ. ಪರದೇಶದ ಬೀದಿಯಲ್ಲಿ ನಿಂತು, ಗುರುತಿಲ್ಲದ ಗಿರಾಕಿಯನ್ನು ನಿಲ್ಲಿಸಿ, ಅರೆಬರೆ ಭಾಷೆಯಲ್ಲಿ ಒಪ್ಪಿಸಿ ಮಾರಿದ ಅನುಭವ ಈ ಸಮುದಾಯಕ್ಕೆ ಇಲ್ಲದಿದ್ದರೆ ಈ ಧೈರ್ಯ ಎಲ್ಲಿಂದ ಬರುತ್ತಿತ್ತು? ಪರದೇಶಕ್ಕೆ ಹೋದವರು ಹಣವನ್ನಷ್ಟೇ ತಂದದ್ದಲ್ಲ, ಮಾರುವ ವಿದ್ಯೆಯನ್ನೂ ತಂದರು.

ಇದಕ್ಕೆ ಇನ್ನೊಂದು ಮಗ್ಗುಲಿದೆ. ನಮ್ಮ ದೇಶದಲ್ಲಿ ಕೂದಲಿಗೆ ಹಚ್ಚುವ ಎಣ್ಣೆಯನ್ನು ತಯಾರಿಸಿ ಮಾರಬೇಕಾದರೆ 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯಿದೆಯಂತೆ ಪರವಾನಗಿ ಬೇಕು. ಶುಚಿಯಾದ ಕಟ್ಟಡ, ತಿಳಿದ ಮೇಲ್ವಿಚಾರಕರು, ಸೀಸೆಯ ಮೇಲೆ ಸರಿಯಾದ ವಿವರ ಬೇಕು. ಕೊಳ್ಳುವವರ ಹಿತಕ್ಕಾಗಿ ಇದೆಲ್ಲವೂ ಇರಲೇಬೇಕು. ಆದರೆ ಗುಡಿಸಲಿನಿಂದ ಈಗತಾನೆ ಹೆಂಚಿನ ಮನೆಗೆ ಬಂದವನು ಒಬ್ಬಂಟಿಯಾಗಿ ಇವನ್ನೆಲ್ಲ ಹೊಂದಿಸಲಾರ. ಹೊಂದಿಸಲಾರದವನು ಮತ್ತೆ ವಿಮಾನ ಹತ್ತುತ್ತಾನೆ. ಗಿರಿಜನರಿಗೆಂದು 2018ರಲ್ಲಿ ಕೇಂದ್ರ ಸರ್ಕಾರ ವನಧನ ಯೋಜನೆಯನ್ನು ತಂದಿತು. ಇಪ್ಪತ್ತು ಜನರ ಹದಿನೈದು ಗುಂಪುಗಳು, ಒಟ್ಟು ಮುನ್ನೂರು ಮಂದಿ ಸೇರಿ ಒಂದು ಕೇಂದ್ರ; ಅದಕ್ಕೆ 15 ಲಕ್ಷ ರೂಪಾಯಿವರೆಗೆ ನೆರವು; ಕಾಡಿನ ಕಿರು ಉತ್ಪನ್ನವನ್ನು ಸಂಸ್ಕರಿಸಿ ಮಾರುವುದು. ಯೋಜನೆ ಚೆನ್ನಾಗಿದೆ. ಆದರೆ ಅದರ ಕಣ್ಣೆದುರಿಗಿರುವುದು ಒಂದೆಡೆ ನಿಂತು ಜೇನು, ಸೀಗೆಗಳನ್ನು ಕೂಡಿಹಾಕುವ ಗಿರಿಜನರ ಚಿತ್ರ. ವರ್ಷದಲ್ಲಿ ಆರು ತಿಂಗಳು ಪರದೇಶದಲ್ಲಿರುವ, ಮೂಲಿಕೆಯನ್ನು ಪೇಟೆಯಲ್ಲಿಯೂ ಕೊಳ್ಳುವ ಗಿರಿಜನನೂ ಇದ್ದಾನೆಂಬುದು ಅದನ್ನು ರೂಪಿಸಿದವರಿಗೆ ತೋಚಿದಂತಿಲ್ಲ. ಗುಂಪಿನ ಸಭೆಗೆ ಸದಸ್ಯರೆಲ್ಲಿ ಎಂದರೆ, ಆಫ್ರಿಕದಲ್ಲಿದ್ದಾರೆ!

2025ರಲ್ಲಿ ಗ್ಯಾಬನ್ ದೇಶದಿಂದ ಸುದ್ದಿ ಬಂತು. ಈ ಸಲ ಯುದ್ಧವಲ್ಲ, ವೀಸಾದ ತೊಡಕು. ಸಿಕ್ಕಿಬಿದ್ದವರು ಮತ್ತೆ ಹಕ್ಕಿಪಿಕ್ಕಿಯವರೇ. ಸುಡಾನಿನಿಂದ ಬಂದು ಎರಡೇ ವರ್ಷಕ್ಕೆ ಇವರು ಪುನಃ ಹೊರಟರಲ್ಲ ಎಂದು ಮೂಗು ಮುರಿದವರನ್ನು ನಾನು ಕಂಡಿದ್ದೇನೆ. ಎಣ್ಣೆ ಕಾಯಿಸಲು ನಾಲ್ಕು ಗೋಡೆಯ ಒಂದು ಶೆಡ್ಡು, ಮೂಲಿಕೆಯನ್ನು ಪರೀಕ್ಷಿಸಿ ಸರ್ಟಿಫಿಕೇಟು ಬರೆದುಕೊಡುವ ಒಬ್ಬ ಕೆಮಿಸ್ಟು, ಮುನ್ನೂರು ಜನರ ಹೆಸರಿನಲ್ಲಿ ಒಂದು ಪರವಾನಗಿ, ತಂದೆತಾಯಿಗಳು ಹೊರಗಿದ್ದಾಗ ಮಕ್ಕಳಿಗೆ ಒಂದು ಹಾಸ್ಟೆಲು: ಸದಾಶಿವಪುರಕ್ಕೆ ಬೇಕಾಗಿರುವುದು ಇಷ್ಟು. ಶೆಡ್ಡಿಗೆ ಜಾಗವಿಲ್ಲವೆಂದು ಯಾರಾದರೂ ಹೇಳುವುದಾದರೆ, ಅವರು ಒಂದು ಮಧ್ಯಾಹ್ನ ಭದ್ರಾವತಿಗೆ ಹೋಗಿ, ಕಾಗದದ ಕಾರ್ಖಾನೆಯ ಸುತ್ತ ಒಂದು ಸುತ್ತು ನಡೆದು ಬರಬಹುದು.