ಹುಟ್ಟುವ ಮುನ್ನ ನಾವಿರಲಿಲ್ಲ



ಅಪ್ಪ-ಅವ್ವನ ಮದುವೆಯ ಫೋಟೋ ನೋಡಿದ ಮಗು ಕೇಳುತ್ತದೆ: "ಇದರಾಗ ನಾ ಎಲ್ಲಿ ಅದೀನಿ?" "ನೀ ಇನ್ನೂ ಹುಟ್ಟಿದ್ದಿಲ್ಲವ್ವ" ಎಂದರೆ ಅದಕ್ಕೆ ಸಮಾಧಾನವಾಗದು. ತನ್ನನ್ನು ಬಿಟ್ಟು ಮದುವೆಯಾದರಲ್ಲ ಎಂದು ಅಳುತ್ತದೆ. ನಮ್ಮೂರು ಬೇವೂರಿನ ಮನೆಗಳಲ್ಲೂ ಇದು ನಡೆಯುವಂಥದ್ದೇ. ದೊಡ್ಡವರು ನಗುತ್ತೇವೆ. ಆದರೆ ತಾನಿಲ್ಲದ ಕಾಲವೊಂದಿತ್ತು ಎಂಬುದು ಆ ಜೀವಕ್ಕೆ ಮೊದಲ ಸಲ ತಾಕಿದ ಗಳಿಗೆ ಅದು.

ಬೆಳೆದ ಮೇಲೆ ಆ ಅಳು ಮರೆತುಹೋಗುತ್ತದೆ. ಇಟಗಿಯ ಮಹಾದೇವ ಗುಡಿ ಕಟ್ಟಿದ್ದು 1112ರಲ್ಲಿ. ಅದರ ಮುಂದೆ ನಿಂತು, ಅಯ್ಯೋ, ಆಗ ನಾನಿರಲಿಲ್ಲವಲ್ಲ ಎಂದು ಎದೆ ಬಡಿದುಕೊಂಡವರನ್ನು ನಾನು ಕಂಡಿಲ್ಲ. ಇನ್ನು ನೂರು ವರ್ಷಕ್ಕೆ ನಾನಿರುವುದಿಲ್ಲ ಎಂಬ ಯೋಚನೆ ಮಾತ್ರ ನಡುರಾತ್ರಿ ನಿದ್ದೆ ಕೆಡಿಸುತ್ತದೆ.

ಕ್ರಿ.ಪೂ. 1ನೇ ಶತಮಾನದ ರೋಮನ್ ಕವಿ ಲುಕ್ರೇಶಿಯಸ್ ಹಿಡಿದದ್ದು ಇದನ್ನೇ. ಹುಟ್ಟುವ ಮುಂಚಿನ ಅನಂತ ಕಾಲ ನಮ್ಮನ್ನು ನೋಯಿಸಲಿಲ್ಲ. ಸತ್ತ ಮೇಲಿನದೂ ಅಂಥದ್ದೇ, ಮತ್ತೆ ಅಂಜಿಕೆ ಏಕೆ ಎಂಬುದು ಅವನ ವಾದ. ಗೀತೆಯ 2ನೇ ಅಧ್ಯಾಯದಲ್ಲಿ ಕೃಷ್ಣನೂ ಇದರ ಹತ್ತಿರ ಬರುತ್ತಾನೆ: ಜೀವಿಗಳು ಮೊದಲೂ ಕಾಣವು, ಕೊನೆಗೂ ಕಾಣವು, ನಡುವೆ ಮಾತ್ರ ಕಾಣುತ್ತವೆ. ಆದರೆ ಕೃಷ್ಣನ ಲೆಕ್ಕದಲ್ಲಿ ಆತ್ಮ ಉಳಿಯುತ್ತದೆ, ಲುಕ್ರೇಶಿಯಸ್‌ನ ಲೆಕ್ಕದಲ್ಲಿ ಏನೂ ಉಳಿಯದು. ಆ ಅಂತರ ಸಣ್ಣದಲ್ಲ. 1970ರಲ್ಲಿ ಅಮೆರಿಕದ ತತ್ತ್ವಜ್ಞಾನಿ ಥಾಮಸ್ ನಾಗೆಲ್ ಬೇರೆಯೇ ಮಾತು ಹೇಳಿದರು. ಸಾವು ಬರದಿದ್ದರೆ ಸತ್ತ ಮನುಷ್ಯ ಇನ್ನಷ್ಟು ಬದುಕುತ್ತಿದ್ದ, ಸಾವು ಅದನ್ನು ಕಸಿಯಿತು. ಹುಟ್ಟುವ ಮುಂಚಿನ ಕಾಲ ಯಾರಿಂದಲೂ ಏನನ್ನೂ ಕಸಿದಿರಲಿಲ್ಲ.

ನಾನು ನಾಗೆಲ್ ಕಡೆ. ಮಣ್ಣು ಕೊಟ್ಟು ಬಂದ ಮನೆಯಲ್ಲಿ ಕೂತು ಲುಕ್ರೇಶಿಯಸ್‌ನ ವಾದ ಹೇಳಲು ಬಾಯಿ ಬರುವುದಿಲ್ಲ. ಹೋದವರಿಗೆ ನೋವಿಲ್ಲ, ಒಪ್ಪೋಣ. ಆದರೆ ನಾವು ಹುಟ್ಟುವ ಮುಂಚೆ ನಮ್ಮ ಹೆಸರು ಹಿಡಿದು ಅತ್ತವರು ಯಾರೂ ಇರಲಿಲ್ಲ. ಹೋದ ಮೇಲೆ ಇರುತ್ತಾರೆ.

ಹಾಗೆಂದು, ನಾವಿಲ್ಲದ ಆ ಹಿಂದಿನ ಕಾಲ ನಮಗೆ ಪೂರ್ತಿ ಹೊರಗಿನದೂ ಅಲ್ಲ. ಕೊಪ್ಪಳವನ್ನೇ ನೋಡಿ, ಅದು ಜೈನರ ದೊಡ್ಡ ತೀರ್ಥವಾಗಿದ್ದ ಊರು. ಸಲ್ಲೇಖನದಿಂದ, ಎಂದರೆ ಉಪವಾಸವಿದ್ದು, ದೇಹ ಬಿಟ್ಟವರ ಶಾಸನಗಳು ಅಲ್ಲಿವೆ. ಅಲ್ಲಿನ ಪಾಲ್ಕಿಗುಂಡು ಬೆಟ್ಟದ ಮೇಲೆ ಎರಡು ಕಲ್ಲುಪಾದಗಳಿವೆ. ಸಂಸ್ಕೃತದಲ್ಲಿ 'ವರಾಂಗಚರಿತ' ಬರೆದ ಜಟಾಸಿಂಹನಂದಿ ಆಚಾರ್ಯರ ಪಾದಗಳು ಅವು. ಮಾಡಿಸಿದವನು ಚಾವಯ್ಯನೆಂದು ಅಲ್ಲಿಯ ಕನ್ನಡ ಬರಹ ಹೇಳುತ್ತದೆ. ಆ ಲಿಪಿ ಆಚಾರ್ಯರ ಕಾಲಕ್ಕಿಂತ ಬಹಳ ಈಚಿನದು ಎನ್ನುತ್ತಾರೆ ವಿದ್ವಾಂಸರು. ಹಾಗಿದ್ದರೆ ಚಾವಯ್ಯ ಆಚಾರ್ಯರನ್ನು ಕಣ್ಣಾರೆ ಕಂಡವನಲ್ಲ. ತಾನಿನ್ನೂ ಹುಟ್ಟದ ಕಾಲದಲ್ಲಿ ಬಾಳಿ ಹೋದ ಒಬ್ಬರ ಪಾದಗಳನ್ನು ಅಷ್ಟು ಅಕ್ಕರೆಯಿಂದ ಕಲ್ಲಿನಲ್ಲಿ ಕಡೆಸಿದ.

ಕೊಪ್ಪಳಕ್ಕೆ ಹೋದಾಗ ಪಾಲ್ಕಿಗುಂಡು ಹತ್ತಿ ನೋಡಿ. ಅಶೋಕನ ಶಾಸನವೂ ಅದೇ ಬೆಟ್ಟದಲ್ಲಿದೆ.