ಪಂಚರ ಸೀಟಿ, ಪ್ರೇಕ್ಷಕರ ನಾಲಿಗೆ

(ಚೊಳಚಗುಡ್ಡದಲ್ಲಿ ಗ್ರಾಮ ಪಂಚಾಯಿತಿ ಸದಸ್ಯರ ಸಭೆಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಉತ್ತರ ಕರ್ನಾಟಕದ ಜಾತ್ರೆಗಳ ಕುಸ್ತಿ ಕಣದಲ್ಲಿ ಗೆಲುವು ಸೋಲನ್ನು ನಿರ್ಣಯಿಸುವವರಿಗೆ ರೆಫರಿ ಎಂಬ ಹೆಸರು ಬರುವುದಕ್ಕೆ ಮೊದಲೇ ಪಂಚರು ಎಂಬ ಹೆಸರಿತ್ತು. ಪಂಚಾಯಿತಿ ಎಂಬ ಪದವೂ ಅದೇ ಬೇರಿನಿಂದ ಹುಟ್ಟಿದ್ದು. ಪೈಲ್ವಾನನ ಬೆನ್ನು ಮಣ್ಣಿಗೆ ತಾಗಿತೋ ಇಲ್ಲವೋ ಎಂದು ಹೇಳುವ ಅಧಿಕಾರವೂ, ಹೊಲದ ಬದು ಯಾರಿಗೆ ಸೇರಿದ್ದೆಂದು ಹೇಳುವ ಅಧಿಕಾರವೂ ಹಿಂದೆ ಒಂದೇ ಊರಿನ ಒಂದೇ ಬಗೆಯ ಹಿರಿಯರ ಕೈಯಲ್ಲಿದ್ದವು. ಸೋತವನು ಒಳಗೊಳಗೆ ಕುದಿದರೂ ತೀರ್ಪನ್ನು ಒಪ್ಪಿ ಮನೆಗೆ ಹೋಗುತ್ತಿದ್ದುದರಿಂದಲೇ ಆ ಅಧಿಕಾರ ಉಳಿದಿತ್ತು. ಇಂದು ಹಳ್ಳಿಗಳ ಪಂದ್ಯಾವಳಿಗಳಲ್ಲಿ, ಅದರಲ್ಲಿಯೂ ಕಬಡ್ಡಿ ಅಂಕಣದ ಸುತ್ತ, ಆ ಪಂಚನಿಗೆ ಸಲ್ಲುತ್ತಿರುವ ಮಾತುಗಳು ಎಂಥವು ಎಂಬುದು ಸದಸ್ಯರಿಗೆ ತಿಳಿಯದ ಸಂಗತಿಯಲ್ಲ. ಸೀಟಿ ಊದಿದ ಮರುಕ್ಷಣ ಹಗ್ಗದಾಚೆಯಿಂದ ಬರುವ ಮೊದಲ ಪದ ಆತನ ತಾಯಿಯನ್ನು ಕುರಿತದ್ದಾಗಿರುತ್ತದೆ.

ಇದು ಬಾದಾಮಿ ತಾಲೂಕಿಗೆ ಮಾತ್ರ ಸೀಮಿತವಾದ ಕೇಡಲ್ಲ. 2023ರ ಮಾರ್ಚ್ 3ರಂದು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್ ಪಂದ್ಯಾವಳಿಯ ನಾಕೌಟ್ ಪಂದ್ಯ ನಡೆಯಿತು. ಬೆಂಗಳೂರು ಎಫ್‌ಸಿ ಹಾಗೂ ಕೇರಳ ಬ್ಲಾಸ್ಟರ್ಸ್ ತಂಡಗಳು ನಿಗದಿತ ಅವಧಿಯಲ್ಲಿ ಗೋಲಿಲ್ಲದೆ ಸಮವಾಗಿದ್ದವು. ಹೆಚ್ಚುವರಿ ಅವಧಿಯಲ್ಲಿ ಬೆಂಗಳೂರಿಗೆ ಫ್ರೀ ಕಿಕ್ ದೊರೆಯಿತು. ಕೇರಳದ ಗೋಲ್ ಕೀಪರ್ ಇನ್ನೂ ತನ್ನ ಆಟಗಾರರನ್ನು ಗೋಡೆಯಂತೆ ನಿಲ್ಲಿಸುತ್ತಿರುವಾಗಲೇ ಸುನಿಲ್ ಛೆಟ್ರಿ ಚೆಂಡನ್ನು ಒದ್ದು ಗೋಲಿನೊಳಗೆ ಕಳಿಸಿದರು. ರೆಫರಿ ಕ್ರಿಸ್ಟಲ್ ಜಾನ್ ಅದನ್ನು ಗೋಲೆಂದು ಘೋಷಿಸಿದರು. ಕೇರಳದ ತರಬೇತುದಾರ ಇವಾನ್ ವುಕೊಮನೊವಿಚ್ ತಮ್ಮ ತಂಡವನ್ನೇ ಮೈದಾನದಿಂದ ಹೊರಗೆ ಕರೆದೊಯ್ದರು. ತಂಡ ಮರಳಲಿಲ್ಲ, ಪಂದ್ಯ ಬೆಂಗಳೂರಿನ ಪಾಲಾಯಿತು.

ಒಂದೇ ಕ್ರಿಯೆಯನ್ನು ನೋಡಿದ ಎರಡು ಅಭಿಮಾನಿ ಸಮೂಹಗಳು ಎರಡು ಸತ್ಯಗಳೊಂದಿಗೆ ಮನೆಗೆ ತೆರಳಿದವು. ರಕ್ಷಣೆಗೆ ಅಣಿಯಾಗದ ತಂಡದ ಮೇಲೆ ಸೀಟಿಯೂ ಇಲ್ಲದೆ ಗೋಲು ಹೊಡೆಯುವುದು ಆಟವಲ್ಲ, ವಂಚನೆ ಎಂದು ಕೇರಳದ ಅಭಿಮಾನಿಗಳು ವಾದಿಸಿದರು. ಫ್ರೀ ಕಿಕ್ಕನ್ನು ಶೀಘ್ರವಾಗಿ ತೆಗೆದುಕೊಳ್ಳಲು ನಿಯಮದಲ್ಲಿಯೇ ಅವಕಾಶವಿದೆ, ಎಚ್ಚರ ತಪ್ಪಿದವರು ರೆಫರಿಯನ್ನು ದೂರುವುದೇಕೆ ಎಂದು ಬೆಂಗಳೂರಿನವರು ಕೇಳಿದರು. ಕೊಚ್ಚಿಗೆ ಮರಳಿದ ತರಬೇತುದಾರನಿಗೆ ವೀರನಿಗೆ ಸಲ್ಲುವ ಸ್ವಾಗತ ದೊರೆಯಿತು. ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟವು ಮರುಪಂದ್ಯದ ಬೇಡಿಕೆಯನ್ನು ತಳ್ಳಿಹಾಕಿ, ಕ್ಲಬ್ಬಿಗೆ 4 ಕೋಟಿ ರೂಪಾಯಿ, ತರಬೇತುದಾರನಿಗೆ 5 ಲಕ್ಷ ರೂಪಾಯಿ ದಂಡ ಹಾಗೂ 10 ಪಂದ್ಯಗಳ ನಿಷೇಧ ವಿಧಿಸಿತು. ರೆಫರಿಯ ತೀರ್ಪು ಸರಿಯೋ ತಪ್ಪೋ ಎಂಬ ಚರ್ಚೆ ಮುಂದುವರಿಯಬಹುದು. ದಂಡ ಬಿದ್ದದ್ದು ಅಂಗಳ ಬಿಟ್ಟು ಹೋದದ್ದಕ್ಕೆ.

ಅಭಿಮಾನಿಯ ಮಾತನ್ನು ಕೇಳದೆ ಆತನನ್ನು ದೂಷಿಸುವುದು ನ್ಯಾಯವಲ್ಲ. ಆತನ ವಾದದಲ್ಲಿ ಹುರುಳಿದೆ. ತಂಡವೊಂದು ತಿಂಗಳುಗಟ್ಟಲೆ ಮುಂಜಾನೆ ಎದ್ದು ಅಭ್ಯಾಸ ಮಾಡಿರುತ್ತದೆ, ಕೂಲಿ ಬಿಟ್ಟು ಬಂದಿರುತ್ತದೆ. ಒಂದು ತಪ್ಪು ಸೀಟಿಯಿಂದ ಅದೆಲ್ಲ ನೀರಿನಲ್ಲಿ ಹೋಮವಾಗುತ್ತದೆ. ಅಂಪೈರು ತಪ್ಪು ಮಾಡುವುದೇ ಇಲ್ಲವೆಂದು ಯಾರೂ ಹೇಳಲಾರರು. ತಪ್ಪಾಗುತ್ತದೆಂಬ ಕಾರಣಕ್ಕೇ 2018ರ ಫುಟ್‌ಬಾಲ್ ವಿಶ್ವಕಪ್ಪಿಗೆ ವೀಡಿಯೊ ಸಹಾಯ ಬಂದಿತು, ಪ್ರೊ ಕಬಡ್ಡಿಯಲ್ಲಿಯೂ ತೀರ್ಪಿನ ಮರುಪರಿಶೀಲನೆಯ ಅವಕಾಶವಿದೆ. ಕೂಗು ಎಬ್ಬಿಸುವುದು, ಅಣಕಿಸುವುದು, ‘ಕಣ್ಣು ಕಾಣಸ್ತಾವೇನ್ರಿ ಸರ್?’ ಎಂದು ಕೇಳುವುದು ಆಟದ ರುಚಿಗೆ ಸೇರಿದ್ದು. ಮೌನವಾಗಿ ಕಬಡ್ಡಿ ನೋಡುವ ಊರು ಈ ಜಿಲ್ಲೆಯಲ್ಲಿ ಇರಲಾರದು, ಇರಬೇಕಾಗಿಯೂ ಇಲ್ಲ.

ಬನಶಂಕರಿ ಜಾತ್ರೆಗೆ ಬರುವ ನಾಟಕ ಕಂಪನಿಗಳ ಡೇರೆಯಲ್ಲಿ ಖಳನಾಯಕನಿಗೆ ಬೈಗುಳ ಬಿದ್ದಷ್ಟೂ ನಟನಿಗೆ ಹಿಗ್ಗು. ಅದು ಆತನ ಅಭಿನಯಕ್ಕೆ ಸಂದ ಬಿರುದು. ಆದರೆ ನಟನು ಬಣ್ಣ ತೊಳೆದು ಮಲಗುತ್ತಾನೆ. ಅಂಪೈರಿಗೆ ತೊಳೆಯಲು ಬಣ್ಣವಿಲ್ಲ. ಆತ ಸೋಮವಾರ ಬೆಳಿಗ್ಗೆ ಅದೇ ಮುಖ ಹೊತ್ತು ಪ್ರೌಢಶಾಲೆಯ ಅಂಗಳದಲ್ಲಿ ಮಕ್ಕಳ ಮುಂದೆ ನಿಲ್ಲಬೇಕು. ಹಳ್ಳಿಯ ಪಂದ್ಯಗಳಲ್ಲಿ ಸೀಟಿ ಹಿಡಿಯುವವರು ಬಹುಪಾಲು ದೈಹಿಕ ಶಿಕ್ಷಣ ಶಿಕ್ಷಕರು. ಹಿಂದಿನ ರಾತ್ರಿ ಅವರ ತಾಯಿಯನ್ನು ಬೈದವರ ನಡುವೆ ಅವರ ವಿದ್ಯಾರ್ಥಿಗಳೂ ಕುಳಿತಿರುತ್ತಾರೆ.

ಇನ್ನು ಪ್ರೇಕ್ಷಕನ ಮುಖ್ಯ ವಾದ: ‘ನಾನು ಕಣ್ಣಾರೆ ಕಂಡೆ.’ ಇದನ್ನು ಸ್ವಲ್ಪ ಲೆಕ್ಕ ಹಾಕಿ ನೋಡಬೇಕು, ಏಕೆಂದರೆ ಕಬಡ್ಡಿಯ ಹೆಚ್ಚಿನ ಜಗಳಗಳು ಬೋನಸ್ ಗೆರೆಯ ಬಳಿಯಲ್ಲಿಯೇ ಹುಟ್ಟುತ್ತವೆ. ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ನಡುಗೆರೆಯಿಂದ 3.75 ಮೀಟರ್ ದೂರದಲ್ಲಿ ಬಾಕ್ ಗೆರೆ, ಅಲ್ಲಿಂದ ಒಂದು ಮೀಟರ್ ಆಚೆಗೆ ಬೋನಸ್ ಗೆರೆ. ಎದುರಾಳಿಗಳು ಆರು ಅಥವಾ ಏಳು ಮಂದಿ ಇದ್ದಾಗ, ರೈಡರ್ ಒಂದು ಕಾಲನ್ನು ಆ ಗೆರೆಯಾಚೆ ಊರಿ, ಇನ್ನೊಂದು ಕಾಲನ್ನು ನೆಲದಿಂದ ಎತ್ತಿದ್ದರೆ ಒಂದು ಅಂಕ. ಈಗ ನೆಲದಿಂದ 5 ಸೆಂಟಿಮೀಟರ್ ಮೇಲಿರುವ ಪಾದವೊಂದನ್ನು ಊಹಿಸಿಕೊಳ್ಳಬೇಕು. ಅಂಕಣದ ತುದಿಯಾಚೆ, ಆ ಪಾದದಿಂದ 10 ಮೀಟರ್ ದೂರದಲ್ಲಿ ಪ್ರೇಕ್ಷಕನೊಬ್ಬ ಕುಳಿತಿದ್ದಾನೆ. ಆತನ ಕಣ್ಣು ನೆಲದಿಂದ ಒಂದು ಮೀಟರ್ ಎತ್ತರದಲ್ಲಿದೆ. ಆತನ ದೃಷ್ಟಿರೇಖೆ ಪಾದವನ್ನು ದಾಟಿ ನೆಲವನ್ನು ಮುಟ್ಟುವುದು ಸುಮಾರು ಅರ್ಧ ಮೀಟರ್ ಮುಂದೆ. ಅಂದರೆ, ಗಾಳಿಯಲ್ಲಿರುವ ಪಾದವು ಆತನಿಗೆ ಇದ್ದ ಜಾಗಕ್ಕಿಂತ ಅರ್ಧ ಮೀಟರ್ ಆಚೆ ನೆಲದ ಮೇಲೆ ಊರಿದಂತೆ ಕಾಣುತ್ತದೆ.

ಇದರ ಫಲ ವಿಚಿತ್ರವಾದದ್ದು. ರೈಡರ್‌ನ ಬೆನ್ನ ಹಿಂದೆ, ಅವನದೇ ತಂಡದ ಕಡೆಗೆ ಕುಳಿತವರಿಗೆ ಗೆರೆಯ ಮೇಲೆ ತೇಲುತ್ತಿರುವ ಪಾದ ಗೆರೆ ದಾಟಿ ಊರಿದಂತೆಯೇ ತೋರುತ್ತದೆ. ಎದುರು ತುದಿಯಲ್ಲಿ ಕುಳಿತವರಿಗೆ ಅದೇ ಪಾದ ಅದೇ ಕ್ಷಣದಲ್ಲಿ ಗೆರೆಯನ್ನು ಮುಟ್ಟದಂತೆ ತೋರುತ್ತದೆ. ಜನರು ಸಾಮಾನ್ಯವಾಗಿ ತಮ್ಮ ತಂಡದ ಬೆನ್ನಿಗೇ ಗುಂಪಾಗಿ ಕೂರುವುದರಿಂದ, ಇಬ್ಬರೂ ಸುಳ್ಳಾಡದೆಯೇ ಇಬ್ಬರೂ ಆಣೆ ಇಟ್ಟು ಜಗಳವಾಡಬಹುದು. ಪಕ್ಕದ ಗೆರೆಯ ಬಳಿ, ಬೋನಸ್ ಗೆರೆಯ ನೇರಕ್ಕೆ ನಿಂತ ಅಂಪೈರನಿಗೆ ಮಾತ್ರ ಈ ಭ್ರಮೆ ಇಲ್ಲ. ನಿಯಮವು ಆತನನ್ನು ಅಲ್ಲಿ ನಿಲ್ಲಿಸಿರುವುದು ಆತ ಇತರರಿಗಿಂತ ಪ್ರಾಮಾಣಿಕನೆಂದಲ್ಲ; ಆ ಜಾಗದಿಂದ ಕಾಣುತ್ತದೆ ಎಂದು. ಪಂದ್ಯಕ್ಕೆ ಮೊದಲು ಧ್ವನಿವರ್ಧಕದಲ್ಲಿ ಇದನ್ನು ಎರಡು ನಿಮಿಷ ವಿವರಿಸಿ ಹೇಳಿದರೆ, ಉಪದೇಶ ಮಾಡದ ಕೆಲಸವನ್ನು ಲೆಕ್ಕ ಮಾಡಬಹುದು.

ಬೈಗುಳ ಮತ್ತು ತೀರ್ಪಿನ ಸಂಬಂಧ ಫುಟ್‌ಬಾಲಿನ ಚರಿತ್ರೆಯಲ್ಲಿ ಒಂದು ಉಪಕಾರವನ್ನೂ ಮಾಡಿದೆ. 1966ರ ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್ ಪಂದ್ಯದಲ್ಲಿ ಅರ್ಜೆಂಟೀನಾದ ನಾಯಕ ಆಂಟೋನಿಯೊ ರಾಟಿನ್ ಅವರನ್ನು ಜರ್ಮನಿಯ ರೆಫರಿ ರುಡಾಲ್ಫ್ ಕ್ರೈಟ್ಲೈನ್ ಹೊರಗಟ್ಟಿದರು. ಕಾರಣ ಆತನ ನಾಲಿಗೆಯ ಅತಿರೇಕ. ವಿನೋದವೆಂದರೆ ರೆಫರಿಗೆ ಸ್ಪ್ಯಾನಿಷ್ ಬಾರದು, ನಾಯಕನಿಗೆ ಜರ್ಮನ್ ಬಾರದು. ಬೈದದ್ದು ಏನೆಂದು ತಿಳಿಯದೆಯೇ ಬೈದ ಬಗೆ ತಿಳಿದಿತ್ತು. ನಾಯಕ ಹಲವು ನಿಮಿಷ ಅಂಗಳ ಬಿಡಲಿಲ್ಲ. ಆ ಪಂದ್ಯಾವಳಿಯ ರೆಫರಿಗಳ ಮೇಲ್ವಿಚಾರಕರಾಗಿದ್ದ ಕೆನ್ ಆಸ್ಟನ್ ಅವರಿಗೆ, ಭಾಷೆಯ ಹಂಗಿಲ್ಲದ ಒಂದು ಸೂಚನೆ ಬೇಕೆಂಬ ಆಲೋಚನೆ ಬಂದದ್ದು ಆಗ. ಲಂಡನ್ನಿನ ರಸ್ತೆಯ ಸಿಗ್ನಲ್ ದೀಪಗಳು ಉತ್ತರ ಹೇಳಿದವು. 1970ರ ಮೆಕ್ಸಿಕೊ ವಿಶ್ವಕಪ್ಪಿನಲ್ಲಿ ಹಳದಿ, ಕೆಂಪು ಚೀಟಿಗಳು ಬಂದವು. ಕಬಡ್ಡಿಯಲ್ಲಿ ಈಗ ಹಸಿರು, ಹಳದಿ, ಕೆಂಪು ಮೂರೂ ಇವೆ. ಆದರೆ ಈ ಚೀಟಿಗಳೆಲ್ಲ ಹಗ್ಗದೊಳಗಿನವರಿಗೆ. ಹಗ್ಗದಾಚೆ ಕುಳಿತವನಿಗೆ ತೋರಿಸಲು ಅಂಪೈರನ ಜೇಬಿನಲ್ಲಿ ಏನೂ ಇಲ್ಲ. ಫುಟ್‌ಬಾಲಿನ ತವರಾದ ಇಂಗ್ಲೆಂಡಿನಲ್ಲಿಯೇ 2023ರಲ್ಲಿ ಕೆಳಹಂತದ ಪಂದ್ಯಗಳ ರೆಫರಿಗಳ ಎದೆಗೆ ಕ್ಯಾಮೆರಾ ಕಟ್ಟುವ ಪ್ರಯೋಗ ಆರಂಭವಾಯಿತೆಂದರೆ ಅಲ್ಲಿನ ನಾಲಿಗೆಗಳೂ ಎಷ್ಟು ಸಡಿಲವೆಂದು ಊಹಿಸಬಹುದು.

ಹಗ್ಗದಾಚೆಯವನಿಗೆ ಕಾನೂನು ಇಲ್ಲವೆಂದಲ್ಲ. ಸಾರ್ವಜನಿಕ ಸ್ಥಳದಲ್ಲಿ ಇತರರಿಗೆ ಕಿರಿಕಿರಿಯಾಗುವಂತೆ ಅಶ್ಲೀಲ ಪದ ಉಚ್ಚರಿಸುವುದು ಭಾರತೀಯ ನ್ಯಾಯ ಸಂಹಿತೆಯ ಕಲಂ 296ರ ಅಡಿಯಲ್ಲಿ ಅಪರಾಧ. ಮೂರು ತಿಂಗಳವರೆಗೆ ಸೆರೆವಾಸ, ಇಲ್ಲವೆ 1,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಶಾಂತಿಭಂಗಕ್ಕೆ ಪ್ರಚೋದಿಸುವ ಉದ್ದೇಶದ ಅವಮಾನಕ್ಕೆ ಕಲಂ 352 ಇದೆ. ಇವೆರಡನ್ನೂ ಮೀರಿದ್ದು ಇನ್ನೊಂದು. ಬೈಗುಳದಲ್ಲಿ ತಾಯಿ, ತಂಗಿಯರ ಸರದಿ ಮುಗಿದ ಮೇಲೆ ಬರುವುದು ಜಾತಿ. ಅಂಪೈರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದು, ಆ ಸಮುದಾಯಕ್ಕೆ ಸೇರದ ವ್ಯಕ್ತಿ ಜನರೆದುರು ಜಾತಿ ಹೆಸರು ಹಿಡಿದು ಬೈದರೆ 1989ರ ದೌರ್ಜನ್ಯ ತಡೆ ಅಧಿನಿಯಮದ ಕಲಂ 3(1)ರ ಅಡಿಯಲ್ಲಿ ಕನಿಷ್ಠ ಆರು ತಿಂಗಳು, ಗರಿಷ್ಠ ಐದು ವರ್ಷಗಳ ಸೆರೆವಾಸ ಹಾಗೂ ದಂಡವಿದೆ. ‘ಆಟದ ಭರದಾಗ ಬಾಯಿ ಜಾರೇತ್ರಿ’ ಎಂಬ ಸಮಜಾಯಿಷಿ ಸಂತ್ರಸ್ತನ ಎದುರು ಹೇಳಲು ಯೋಗ್ಯವಲ್ಲ. ಒಂದು ಬೋನಸ್ ಅಂಕಕ್ಕಾಗಿ ಇಪ್ಪತ್ತರ ಹರೆಯದ ಹುಡುಗನೊಬ್ಬ ವಿಶೇಷ ನ್ಯಾಯಾಲಯದ ಮೆಟ್ಟಿಲು ಹತ್ತುವಂತಾಗುವುದು ಊರಿಗೂ ನಷ್ಟ; ಆದರೆ ಆ ನಷ್ಟದ ಹೆಸರಿನಲ್ಲಿ ದೂರು ಕೊಡದಂತೆ ಅಂಪೈರನ ಮೇಲೆ ಒತ್ತಡ ಹೇರುವುದು ಪಂಚಾಯಿತಿ ಸದಸ್ಯರ ಕೆಲಸವಲ್ಲ.

ಈ ಬೈಗುಳಗಳಿಗೆ ಇನ್ನೊಬ್ಬ ಕೇಳುಗಳಿದ್ದಾಳೆ. ಗ್ರಾಮ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿವೆ. ಪಂದ್ಯ ಉದ್ಘಾಟಿಸಲು ಅಧ್ಯಕ್ಷೆಯನ್ನು ಕರೆದು, ಶಾಲು ಹೊದಿಸಿ, ವೇದಿಕೆಯ ಮೇಲೆ ಕೂರಿಸಿ, ಆಮೇಲೆ ಎರಡು ಗಂಟೆ ಕಾಲ ಆಕೆಯ ಎದುರು ತಾಯಿ ತಂಗಿಯರ ಹೆಸರೆತ್ತಿ ಕೂಗುವುದು ಯಾವ ಬಗೆಯ ಸತ್ಕಾರ? ಆಕೆ ಮುಂದಿನ ವರ್ಷ ಬೇರೆ ಕೆಲಸದ ನೆಪ ಹೇಳುತ್ತಾಳೆ. ಶಾಲಾ ಬಾಲಕಿಯರ ತಂಡವನ್ನು ಅದೇ ಅಂಕಣದಲ್ಲಿ ಆಡಿಸೋಣವೆಂದರೆ ಪಾಲಕರು ಒಪ್ಪುವುದಿಲ್ಲ. ಉದ್ಯೋಗ ಖಾತರಿಯ ಹಣದಲ್ಲಿ ಊರಿನ ಎಲ್ಲರಿಗಾಗಿ ಸಮತಟ್ಟು ಮಾಡಿದ ಮೈದಾನ ಹೀಗೆ ಅರ್ಧ ಊರಿಗೆ ಮಾತ್ರ ಉಳಿಯುತ್ತದೆ.

ಬೈಗುಳದ ತಳದಲ್ಲಿ ಬಹಳ ಸಲ ಹಣವಿರುತ್ತದೆ ಎಂಬುದನ್ನೂ ಮುಚ್ಚಿಡಬೇಕಾಗಿಲ್ಲ. ಬಾಜಿ ಕಟ್ಟಿದವನ ಕೂಗು ಅಭಿಮಾನಿಯ ಕೂಗಿಗಿಂತ ಬೇರೆ. ಅಭಿಮಾನಿ ಮರುದಿನ ಮರೆಯುತ್ತಾನೆ, ಬಾಜಿ ಸೋತವನು ಪಂದ್ಯ ಮುಗಿದ ಮೇಲೆ ಅಂಪೈರನ ಬೈಕಿನ ಬಳಿ ಕಾಯುತ್ತಾನೆ. ಈ ವಿಷಯದಲ್ಲಿ ತಿಳಿಹೇಳುವುದರಿಂದ ಏನೂ ಆಗದು. ಬೀಟ್ ಪೊಲೀಸರಿಗೆ ಮೊದಲೇ ತಿಳಿಸುವುದೊಂದೇ ದಾರಿ.

ಪಂಚಾಯಿತಿಯ ಕೈಯಲ್ಲಿರುವುದು ಮೈದಾನದ ಅನುಮತಿ ಪತ್ರ. ಅದರಲ್ಲಿ ಬರೆದದ್ದು ಮಾತ್ರ ನಡೆಯುತ್ತದೆ. ಅಂಪೈರುಗಳು ಆಡುವ ಊರುಗಳಿಗೆ ಸೇರಿದವರಾಗಿರಬಾರದು, ಅವರ ಗೌರವಧನ ಮೊದಲ ಪಂದ್ಯಕ್ಕೆ ಮುಂಚೆಯೇ ಸಂದಾಯವಾಗಬೇಕು. ಕಡೆಯ ಪಂದ್ಯದ ತನಕ ಕಾಯಿಸಿದ ಹಣ ತೀರ್ಪಿನ ಮೇಲೆ ಹಿಡಿತವಾಗುತ್ತದೆ. ಹಗ್ಗ ಅಂಕಣದಿಂದ ಕನಿಷ್ಠ ಮೂರು ಮೀಟರ್ ದೂರವಿರಲಿ. ತೀರ್ಪು ಕೇಳಲು ನಾಯಕನೊಬ್ಬನೇ ಬರಬೇಕು. 2024ರ ಯುರೋಪ್ ಫುಟ್‌ಬಾಲ್ ಚಾಂಪಿಯನ್‌ಷಿಪ್‌ನಲ್ಲಿ ಇದೇ ಕ್ರಮ ಜಾರಿಯಾಗಿತ್ತು, ಏಳು ಮಂದಿಯ ಆಟಕ್ಕೆ ಅದು ಇನ್ನೂ ಸುಲಭ. ಆಕ್ಷೇಪಣೆ ಇದ್ದವರು ಶುಲ್ಕದೊಡನೆ ಬರಹದಲ್ಲಿ ಸಲ್ಲಿಸಲಿ, ಎತ್ತಿ ಹಿಡಿದರೆ ಶುಲ್ಕ ಮರಳಲಿ. ಬಾಯಿಗೆ ಬಂದಂತೆ ಬೈಯುವ ಬೆಂಬಲಿಗರನ್ನು ಸುಮ್ಮನಾಗಿಸುವ ಹೊಣೆ ಆಯಾ ತಂಡದ್ದು; ಎರಡು ಬಾರಿ ಎಚ್ಚರಿಸಿದ ಮೇಲೂ ನಿಲ್ಲದಿದ್ದರೆ ಬಹುಮಾನದ ಮೊತ್ತದಲ್ಲಿ ಕಡಿತ ಎಂದು ಕರಪತ್ರದಲ್ಲಿಯೇ ಅಚ್ಚಾಗಿರಬೇಕು. ಗುಂಪಿನಲ್ಲಿ ಯಾರು ಬೈದರೆಂದು ಪೊಲೀಸರಿಗೆ ಗೊತ್ತಾಗದಿರಬಹುದು, ಅದೇ ಓಣಿಯ ನಾಯಕನಿಗೆ ಗೊತ್ತಾಗದೆ ಇರದು.

ಸದಸ್ಯರ ಕುರಿತು ಒಂದು ಮಾತು. ವೇದಿಕೆಯ ಮೇಲೆ ಕುಳಿತ ಸದಸ್ಯರು ತಮ್ಮ ವಾರ್ಡಿನ ತಂಡ ಸೋಲುತ್ತಿರುವಾಗ ಎದ್ದು ಕೈಬೀಸಿ ಅಂಪೈರನನ್ನು ಕರೆದರೆ, ಕೆಳಗೆ ಕುಳಿತವರಿಗೆ ಅದು ಪರವಾನಗಿ. ಜಮಾಬಂದಿಯಲ್ಲಿ, ಗ್ರಾಮಸಭೆಯಲ್ಲಿ ತಮ್ಮ ತೀರ್ಪಿಗೆ ಇದೇ ಭಾಷೆಯಲ್ಲಿ ಉತ್ತರ ಬಂದಾಗ ಎಷ್ಟು ಉರಿಯುತ್ತದೆಂಬುದು ಅವರಿಗೆ ಗೊತ್ತು.

ಅನುಮತಿ ಪತ್ರದ ಕೊನೆಯ ಷರತ್ತು ಚಿಕ್ಕದು. ಕೊನೆಯ ಪಂದ್ಯ ರಾತ್ರಿ ಹನ್ನೊಂದಕ್ಕೆ ಮುಗಿಯುವುದುಂಟು. ಅಂಪೈರುಗಳನ್ನು ಬಾದಾಮಿಯ ಬಸ್ ನಿಲ್ದಾಣದವರೆಗೆ ತಲುಪಿಸುವ ವಾಹನ ಯಾರದು, ಜೊತೆಗೆ ಹೋಗುವ ಸದಸ್ಯರು ಯಾರು ಎಂಬುದು ಮೊದಲ ಸೀಟಿಗೆ ಮುನ್ನವೇ ಬರಹದಲ್ಲಿರಬೇಕು; ಆ ವಾಹನ ಫೈನಲ್ ಆಡುವ ಎರಡು ಊರುಗಳ ಯಾವುದರದೂ ಆಗಿರಕೂಡದು.